ಅರ್ಥ ಯಾರದ್ದು? ಅಡಿಕೆ ಸುಲಿಯುತ್ತಾ ಪಾಡ್‌ಕಾಸ್ಟ್ ಹುಡುಕಿದ ನನ್ನ ಅನುಭವ

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು ಶುರುವಾಯಿತು ಅಂದರೆ ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಲೇಬೇಕು. ಮರ ಹತ್ತುವ ಕೊನೆಗೌಡ ಬೆಳಿಗ್ಗೆ ಇಳಿಸಿದ ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಸುಲಿದು, ಬೇಯಿಸಿ, ಅಟ್ಟಕ್ಕೆ ಹಾಕಬೇಕು. ಸುಲಿಯುವ ಮಷಿನ್ ಬಂದಿದೆ, ನಿಜ, ಆದರೆ ನಮ್ಮಷ್ಟು ಸಣ್ಣ ತೋಟಕ್ಕೆ ಕೈಯೇ ಸಾಕು. ಎರಡೂ ಕೈಗೆ ಕೆಲಸ, ಕಣ್ಣಿಗೂ ಕೆಲಸ, ಕಿವಿ ಮಾತ್ರ ಖಾಲಿ.

ಹಿಂದೆ ಈ ಖಾಲಿ ಕಿವಿಗೆ ಧಾರವಾಡ ಆಕಾಶವಾಣಿ ಇತ್ತು, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್ ಇತ್ತು. ಈಗ ನನಗೆ ಪಾಡ್‌ಕಾಸ್ಟ್, ಅಂದರೆ ಫೋನಿಗೆ ಇಳಿಸಿಕೊಂಡು ಬೇಕಾದಾಗ ಕೇಳುವ ಮಾತಿನ ಕಾರ್ಯಕ್ರಮ. ನಾಲ್ಕೈದು ವರ್ಷದಿಂದ ಕೇಳುತ್ತಿದ್ದೇನೆ. ಅದರಲ್ಲಿ ಮೊದಲ ಎರಡು ವರ್ಷ ಬರೀ ಕಸ ಕೇಳಿದೆ ಅಂತಲೇ ಹೇಳಬೇಕು. ಕೇಳಲು ಲಾಯಕ್ಕಾದ ಎಪಿಸೋಡ್ ಹುಡುಕುವುದು ಕೇಳುವುದಕ್ಕಿಂತ ದೊಡ್ಡ ಕೆಲಸ. ಈಗ ಅದು ಒಂದು ಹದಕ್ಕೆ ಬಂದಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಆಪ್‌ನಲ್ಲಿ ಟಾಪ್ ಪಟ್ಟಿ ತೆಗೆದು ಕಂಡಿದ್ದಕ್ಕೆಲ್ಲ ಸಬ್‌ಸ್ಕ್ರೈಬ್ ಒತ್ತಿದೆ. ಒಂದೇ ತಿಂಗಳಲ್ಲಿ ಐವತ್ತಕ್ಕೂ ಜಾಸ್ತಿ ಆಯಿತು. ಪೇಟೆಗೆ ಹೋದಾಗ ಎಲ್ಲ ತನ್ನಷ್ಟಕ್ಕೇ ಡೌನ್‌ಲೋಡ್ ಆಗಿ ಫೋನ್ ತುಂಬಿ, ಮಗಳ ಶಾಲೆಯ ಫೋಟೋ ತೆಗೆಯಲೂ ಜಾಗ ಇಲ್ಲ. ಹೋಗಲಿ, ಕೇಳಿದ್ದಾದರೂ ಚೆನ್ನಾಗಿತ್ತಾ ಅಂದರೆ, ಎಲ್ಲ ಒಂದೇ. ಯಾರೋ ಕಂಪನಿ ಕಟ್ಟಿದವರು, ಬೆಳಿಗ್ಗೆ ನಾಲ್ಕಕ್ಕೆ ಏಳುವವರು, ತಣ್ಣೀರು ಸ್ನಾನ ಮಾಡುವವರು. (ನಾವೂ ನಾಲ್ಕಕ್ಕೆ ಏಳುತ್ತೇವೆ ಮಾರಾಯ್ರೆ, ಯಾರೂ ಕರೆದು ಮಾತಾಡಿಸುವುದಿಲ್ಲ.) ಒಬ್ಬ ಲೇಖಕರು ಒಂದೇ ಕಥೆಯನ್ನು, ಅದೇ ಜಾಗದಲ್ಲಿ ನಗುತ್ತಾ, ನಾಲ್ಕು ಕಡೆ ಹೇಳಿದ್ದನ್ನು ಒಂದೇ ವಾರದಲ್ಲಿ ಕೇಳಿದೆ. ಆಮೇಲೆ ಗೊತ್ತಾಯಿತು, ಅದು ಅವರ ಪುಸ್ತಕ ಬಿಡುಗಡೆಯಾದ ತಿಂಗಳು. ಆಪ್ ಬೇರೆ, ನಾನು ಒಂದು ಕೇಳಿದರೆ ಅದೇ ತರಹದ್ದು ಹತ್ತು ತೋರಿಸುತ್ತಿತ್ತು.

ದಾರಿ ಸಿಕ್ಕಿದ್ದು ಆಯಿಯಿಂದ, ಅಂದರೆ ಅಮ್ಮನಿಂದ. ಒಂದು ರಾತ್ರಿ ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಗುತ್ತಿದ್ದೆ. ಆಯಿ, "ಎಂತ ಕೇಳ್ತಾ ಇದ್ಯೋ ತಮಾ, ಒಬ್ನೇ ನಗ್ತಾ ಇದ್ಯಲಾ" ಅಂದಳು. ಪಾಡ್‌ಕಾಸ್ಟ್ ಅಂದರೆ ಏನು ಅಂತ ಹೇಳಿದೆ, ಕಾರ್ಯಕ್ರಮದ ಹೆಸರನ್ನೂ ಹೇಳಿದೆ. ಆಯಿಗೆ ಹೆಸರು ಬೇಡ. "ಅರ್ಥ ಯಾರದ್ದು?" ಅಂತ ಕೇಳಿದಳು.

ತಾಳಮದ್ದಳೆ ಗೊತ್ತಿರುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ಅಲ್ಲಿ ಪಾತ್ರವಾಗಿ ಆಡುವ ಮಾತಿಗೆ 'ಅರ್ಥ' ಅನ್ನುತ್ತಾರೆ, ಆಡುವವರು ಅರ್ಥಧಾರಿ. ಪ್ರಸಂಗ, ಅಂದರೆ ಕಥೆ, ಯಾವುದು ಅನ್ನುವುದು ಆಮೇಲಿನ ಮಾತು. ಅರ್ಥ ಹೇಳುವವರು ಯಾರು, ಎದುರಿಗೆ ಯಾರು, ಅದು ಮೊದಲು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಂದರೆ ಜನ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದರು. ಯಾವ ಸಂಘ ಮಾಡಿಸುತ್ತಿದೆ ಅಂತ ನೋಡಿ ಯಾರೂ ಹೊರಡುತ್ತಿರಲಿಲ್ಲ. ನಾನು ಮಾಡುತ್ತಿದ್ದದ್ದು ಇದರ ಉಲ್ಟಾ. ಸಂಘದ ಬೋರ್ಡು ನೋಡಿ ಸಬ್‌ಸ್ಕ್ರೈಬ್ ಮಾಡಿಕೊಂಡು, ಅವರು ಯಾರನ್ನು ಕರೆದು ಕೂರಿಸಿದರೆ ಅವರನ್ನು ಕೇಳುತ್ತಿದ್ದೆ.

ಮರುದಿನವೇ ಹೆಚ್ಚುಕಡಿಮೆ ಎಲ್ಲ ಸಬ್‌ಸ್ಕ್ರಿಪ್ಶನ್ ಕಿತ್ತುಹಾಕಿದೆ. ಅಲ್ಲಿಂದ ಮುಂದೆ ನಾನು ಹುಡುಕುವುದು ಎಪಿಸೋಡ್ ಮಾತ್ರ, ಅದೂ ಹೆಚ್ಚಾಗಿ ಮಾತಾಡುವವರ ಹೆಸರಿನಿಂದ.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ನಮ್ಮ ತೋಟದಲ್ಲಿ ಅಡಿಕೆ ಮಧ್ಯೆ ಒಂದಷ್ಟು ಕಾಫಿ ಗಿಡ ಇವೆ. ಬಾಬಾ ಬುಡನ್ ಏಳು ಬೀಜ ತಂದ ಕಥೆ ನಮಗೆಲ್ಲ ಗೊತ್ತು, ಅದರಾಚೆ ನನಗೆ ಏನೂ ಗೊತ್ತಿರಲಿಲ್ಲ. ಬಿಬಿಸಿ ರೇಡಿಯೋ 4ರಲ್ಲಿ 'ಇನ್ ಅವರ್ ಟೈಮ್' ಅಂತ ಒಂದು ಕಾರ್ಯಕ್ರಮ ಇದೆ, 1998ರಿಂದ ಬರುತ್ತಿದೆ. ಮೆಲ್ವಿನ್ ಬ್ರ್ಯಾಗ್ ಅದನ್ನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ಒಂದು ವಿಷಯ, ಮೂವರು ಪ್ರೊಫೆಸರ್‌ಗಳು, ಮುಕ್ಕಾಲು ಗಂಟೆ. ಹಳೆಯದೆಲ್ಲ ಹಾಗೇ ಇಟ್ಟಿದ್ದಾರೆ, ಸಾವಿರಕ್ಕೂ ಹೆಚ್ಚು ಎಪಿಸೋಡ್. ಅದರಲ್ಲಿ 2019ರ ಡಿಸೆಂಬರಿನದು ಕಾಫಿ ಬಗ್ಗೆ. ಅದನ್ನು ಕೇಳುವಾಗ ಜೊನಾಥನ್ ಮಾರಿಸ್ ಅನ್ನುವವರ ಮಾತು ಹಿಡಿಸಿತು. ಇತಿಹಾಸದ ಪ್ರೊಫೆಸರ್, ಕಾಫಿಯೇ ಅವರ ವಿಷಯ. ಮರುದಿನ ಅವರ ಹೆಸರು ಹಾಕಿ ಹುಡುಕಿದೆ. ಜೇಮ್ಸ್ ಹಾರ್ಪರ್ ಅನ್ನುವವರ ಜೊತೆ ಸೇರಿ 'ಎ ಹಿಸ್ಟರಿ ಆಫ್ ಕಾಫಿ' ಅಂತ ಒಂದು ಸರಣಿಯನ್ನೇ ಮಾಡಿದ್ದಾರೆ! ಹಾರ್ಪರ್ ಅವರ ಹೆಸರು ಹಿಡಿದು ಹೋದರೆ ಅವರದ್ದೇ ಇನ್ನೊಂದು, 'ಫಿಲ್ಟರ್ ಸ್ಟೋರೀಸ್'. ಒಂದು ಎಳೆ ಎಳೆದರೆ ಬಳ್ಳಿಯೇ ಬಂತು. ಒಂದು ವಾರದ ಅಡಿಕೆ ಹೇಗೆ ಮುಗಿಯಿತೋ ಗೊತ್ತಾಗಲಿಲ್ಲ. ಟಾಪ್ ಪಟ್ಟಿಯಲ್ಲಿ ಇವು ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹೆಸರಿನಿಂದ ಹುಡುಕಲು ನಾನು ಬಳಸುವುದು ಲಿಸನ್ ನೋಟ್ಸ್ ಅನ್ನುವ ವೆಬ್‌ಸೈಟ್. ಕಾರ್ಯಕ್ರಮವನ್ನಷ್ಟೇ ಅಲ್ಲ, ಒಂದೊಂದು ಎಪಿಸೋಡನ್ನೂ ಹುಡುಕಿಕೊಡುತ್ತದೆ. ಎಷ್ಟು ನಿಮಿಷದ್ದು ಬೇಕು, ಯಾವ ವರ್ಷದ್ದು ಬೇಕು ಅಂತಲೂ ಸೋಸಬಹುದು. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲದಿದ್ದರೆ ಜಗತ್ತಿನಲ್ಲಿರುವ ಜೊನಾಥನ್‌ಗಳೆಲ್ಲ ಬಂದು ಕೂರುತ್ತಾರೆ. ಸಿಕ್ಕ ಎಪಿಸೋಡ್‌ಗಳನ್ನು 'ಲಿಸನ್ ಲೇಟರ್' ಪಟ್ಟಿಗೆ ಸೇರಿಸಿದರೆ ಆ ಪಟ್ಟಿಗೇ ಒಂದು ಫೀಡ್ ವಿಳಾಸ (ಆಪ್ ಎಪಿಸೋಡ್ ತರಿಸಿಕೊಳ್ಳುವ ಕೊಂಡಿ) ಸಿಗುತ್ತದೆ. ಅದನ್ನು ನನ್ನ ಫೋನಿನ ಆ್ಯಂಟೆನಾಪಾಡ್ ಆಪ್‌ಗೆ ಅಂಟಿಸಿದ್ದೇನೆ. ಬೇರೆ ಬೇರೆ ಕಾರ್ಯಕ್ರಮದ ಬಿಡಿ ಎಪಿಸೋಡ್‌ಗಳೆಲ್ಲ ಅಲ್ಲಿ ಒಂದೇ ಕಡೆ ಬಂದು ಬೀಳುತ್ತವೆ. ನನ್ನ ಮಟ್ಟಿಗೆ ಇದೇ ದೊಡ್ಡ ಉಪಕಾರ. ಮನೆಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ, ಹಾಗಾಗಿ ವಾರಕ್ಕೊಮ್ಮೆ ಶಿರಸಿಗೆ ಹೋದಾಗ ಆರಿಸಿದ್ದನ್ನು ಮಾತ್ರ ಇಳಿಸಿಕೊಂಡು ಬರುತ್ತೇನೆ.

ಹೆಸರು ಹಾಕಿದಾಗ ಒಬ್ಬರದ್ದೇ ಹತ್ತು ಸಂದರ್ಶನ ಬಂದರೆ ಯಾವುದನ್ನು ಆರಿಸುವುದು? ಪುಸ್ತಕ ಬಂದ ತಿಂಗಳಿನವನ್ನು ಬಿಡುತ್ತೇನೆ. ಅದಕ್ಕಿಂತ ವರ್ಷ ಹಿಂದೆ ಅಥವಾ ಮುಂದೆ, ಅದೇ ಕಸುಬಿನವರು ನಡೆಸುವ ಯಾವುದೋ ಸಣ್ಣ ಕಾರ್ಯಕ್ರಮದಲ್ಲಿ ಮಾತಾಡಿದ್ದು ಇದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳುತ್ತೇನೆ. ಸಣ್ಣವರ ಧ್ವನಿ ಸ್ವಲ್ಪ ಗರಗರ ಅನ್ನಬಹುದು, ಆದರೆ ಪ್ರಶ್ನೆ ಸರಿಯಾಗಿ ಕೇಳುತ್ತಾರೆ. ಎದುರಿಗೆ ಯಾರು ಅನ್ನುವುದೂ ಮುಖ್ಯ ಅಲ್ವಾ? ಎದುರಾಳಿ ಸಪ್ಪೆಯಾದರೆ ಎಂಥ ಅರ್ಥಧಾರಿಯೂ ಕಂಠಪಾಠ ಒಪ್ಪಿಸಿ ಎದ್ದು ಹೋಗುತ್ತಾನೆ.

ಬರೀ ಹೆಸರನ್ನು ಬೆನ್ನು ಹತ್ತಿದರೆ ನನಗೆ ಮೊದಲೇ ಆಸಕ್ತಿ ಇದ್ದದ್ದೇ ಸಿಗುತ್ತದೆ ಅನ್ನುವುದು ನಿಜ. ಕಾಫಿ, ಮೆಣಸು, ಜೇನು, ಮತ್ತೆ ಕಾಫಿ. ಅದನ್ನು ಮುರಿಯಲು ಬೇರೆಯವರ ತಲೆ ಬೇಕು. 'ಯಾವ ಪಾಡ್‌ಕಾಸ್ಟ್ ಚೆನ್ನಾಗಿದೆ' ಅಂತ ಕೇಳುವುದನ್ನು ಬಿಟ್ಟೆ. 'ಕೇಳಿದ ಮೇಲೆ ಮನೆಯಲ್ಲಿ ಯಾರಿಗಾದರೂ ಹೇಳಿದ ಒಂದೇ ಒಂದು ಎಪಿಸೋಡ್ ಯಾವುದು' ಅಂತ ಕೇಳುತ್ತೇನೆ. ಬೆಂಗಳೂರಲ್ಲಿ ಸಿವಿಲ್ ಎಂಜಿನಿಯರ್ ಆಗಿರುವ ಅಕ್ಕನ ಮಗ ಒಂದು ನಿಮಿಷವೂ ಯೋಚಿಸದೆ '99 ಪರ್ಸೆಂಟ್ ಇನ್ವಿಸಿಬಲ್'ನ ಒಂದು ಎಪಿಸೋಡ್ ಹೇಳಿದ. ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡದ್ದು. ಕಟ್ಟಿ ಮುಗಿಸಿದ ಮೇಲೆ, ಮೂಲೆಗೆ ಬೀಸುವ ಜೋರು ಗಾಳಿಗೆ ಅದು ಬೀಳಬಹುದು ಅಂತ ಎಂಜಿನಿಯರ್‌ಗೆ ಗೊತ್ತಾಗಿ, 1978ರಲ್ಲಿ ಊರ ಜನರಿಗೆ ಹೇಳದೆ ರಾತ್ರಿ ಹೊತ್ತು ವೆಲ್ಡಿಂಗ್ ಮಾಡಿಸಿದ ಕಥೆ. ಅನುಮಾನದ ಎಳೆ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿತ್ತಂತೆ. ಕಟ್ಟಡಕ್ಕೂ ನನಗೂ ಏನು ಸಂಬಂಧ ಹೇಳಿ, ಆದರೂ ಅವತ್ತು ರಾತ್ರಿ ಕತ್ತಿ ನಿಲ್ಲಿಸಿ ಕೂತುಬಿಟ್ಟಿದ್ದೆ.

ಪರಿಚಯ ಇಲ್ಲದವರ ತಲೆಯೂ ಸಿಗುತ್ತದೆ. ಇಯರ್‌ಬಡ್ಸ್ ಪಾಡ್‌ಕಾಸ್ಟ್ ಕಲೆಕ್ಟಿವ್ ಅಂತ ಒಂದು ಇಮೇಲ್ ಪತ್ರ ಇದೆ. ಪ್ರತಿ ಸಲ ಬೇರೆ ಬೇರೆಯವರು ಒಂದು ವಿಷಯ ಹಿಡಿದು ಐದು ಎಪಿಸೋಡ್ ಆರಿಸಿಕೊಡುತ್ತಾರೆ. ಐದರಲ್ಲಿ ಒಂದು ನನಗೆ ಹಿಡಿಸಿದರೆ ಸಾಕು. ಇನ್ನೊಂದು, ಪ್ರಶಸ್ತಿಗಳ ಪಟ್ಟಿ. ಅಮೆರಿಕದ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್‌ನವರು 2020ರಿಂದ ಆಡಿಯೋ ವರದಿಗಾರಿಕೆಗೂ ಬಹುಮಾನ ಕೊಡುತ್ತಿದ್ದಾರೆ. 2022ರಲ್ಲಿ ಗೆದ್ದ 'ಸುವಾವೆ'ಯನ್ನು ನಾನು ಕೇಳಿದ್ದು ಹಾಗೆಯೇ. ಹದಿಹರೆಯದಲ್ಲೇ ಜೀವಾವಧಿ ಶಿಕ್ಷೆಗೆ ಒಳಗಾದವನ ಮತ್ತು ಅವನ ಜೊತೆ ವರ್ಷಗಟ್ಟಲೆ ಮಾತಾಡುತ್ತಾ ಬಂದ ಪತ್ರಕರ್ತೆಯ ಕಥೆ.

ಕನ್ನಡದ್ದು ಹುಡುಕುವುದೇ ಬೇರೆ ಕಷ್ಟ. ಒಂದೇ ಕಾರ್ಯಕ್ರಮದ ಹೆಸರು ಒಂದು ಕಡೆ ಕನ್ನಡ ಅಕ್ಷರದಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ, ಅದರಲ್ಲೂ ಕೃಷಿಗೆ 'ಕ್ರಿ'ನೋ 'ಕ್ರು'ನೋ ಅಂತ ಎರಡೂ ಹೊಡೆದು ನೋಡಬೇಕು. ಒಳ್ಳೊಳ್ಳೆ ಮಾತು ಎಷ್ಟೋ ಯೂಟ್ಯೂಬ್‌ನಲ್ಲಿ ಮಾತ್ರ ಇವೆ, ಫೀಡ್ ಇಲ್ಲ, ಹಾಗಾಗಿ ಪಾಡ್‌ಕಾಸ್ಟ್ ಆಪ್‌ಗೆ ಸಿಗುವುದಿಲ್ಲ. ನಾನು ಬಿಡದೆ ಸಬ್‌ಸ್ಕ್ರೈಬ್ ಮಾಡಿರುವ ಬೆರಳೆಣಿಕೆಯಲ್ಲಿ 'ತಲೆ-ಹರಟೆ' ಒಂದು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಶುರು ಮಾಡಿದ್ದು. ಬಂದವರಿಗೆ ಮಾತಾಡಲು ಸಮಯ ಕೊಡುತ್ತಾರೆ, ಮಧ್ಯೆ ಬಾಯಿ ಹಾಕುವುದು ಕಡಿಮೆ. ಅದನ್ನು ಸ್ಪೀಕರ್‌ನಲ್ಲಿ ಹಾಕಿದರೆ ಸುಲಿಯಲು ಕೂತವರೆಲ್ಲ ಕೇಳುತ್ತಾರೆ, ಎದುರು ವಾದವನ್ನೂ ಮಾಡುತ್ತಾರೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನವರ 'ಬಿಐಸಿ ಟಾಕ್ಸ್' ಇನ್ನೊಂದು. ಇಂಗ್ಲಿಷ್‌ನದ್ದು. ಅಲ್ಲಿ ಹೋಗಿ ಉಪನ್ಯಾಸ ಕೇಳಲು ನನಗಂತೂ ಆಗುವುದಿಲ್ಲ, ಇಲ್ಲೇ ಕೂತು ಕೇಳುತ್ತೇನೆ.

ಸರದಿ ಹಚ್ಚುವುದರಲ್ಲೂ ಒಂದು ಲೆಕ್ಕ ಇದೆ, ಯಾಕೆಂದರೆ ಒಮ್ಮೆ ಕತ್ತಿ ಮುಂದೆ ಕೂತರೆ ಫೋನ್ ಮುಟ್ಟುವ ಹಾಗಿಲ್ಲ. ಕೈಯೆಲ್ಲ ಚೊಗರು, ಪರದೆ ಬೆರಳನ್ನೇ ಗುರುತಿಸುವುದಿಲ್ಲ. ಒಂದು ಸಲ ಜಾಹೀರಾತು ಎರಡು ಪಟ್ಟು ಜೋರಾಗಿ ಕಿರುಚಿತು ಅಂತ ಗಡಬಡಿಸಿ ಮೊಣಕೈಯಲ್ಲಿ ಒತ್ತಲು ಹೋಗಿ ಹೆಬ್ಬೆರಳು ಕುಯ್ದುಕೊಂಡೆ. ಗಾಯ ಸಣ್ಣದೇ, ಆದರೆ ಮೂರು ದಿನ ಸುಲಿಯಲು ಆಗಲಿಲ್ಲ, ಮನೆಯವಳ ಹತ್ತಿರ ಬೈಸಿಕೊಂಡಿದ್ದು ಬೇರೆ. ಈಗ ತಂತಿಯಲ್ಲಿ ಬಟನ್ ಇರುವ ಅಗ್ಗದ ಇಯರ್‌ಫೋನ್ ಇದೆ. ಮುಂದಕ್ಕೆ ಹೋಗುವ ಒತ್ತು ಏನು ಮಾಡಬೇಕು ಅಂತ ಆ್ಯಂಟೆನಾಪಾಡ್‌ನಲ್ಲಿ ನಾವೇ ಹೇಳಿಕೊಡಬಹುದು. ನಾನು 'ಮುಂದಿನ ಎಪಿಸೋಡ್' ಅಂತ ಇಟ್ಟುಕೊಂಡಿದ್ದೇನೆ.

ಒಂದು ರಾತ್ರಿಗೆ ಉದ್ದದ್ದು ಒಂದೇ. ಅದರ ಹಿಂದೆ ಮುಂದೆ ಹತ್ತು ನಿಮಿಷದ ಚಿಕ್ಕವು. ಟಿಮ್ ಹಾರ್ಫರ್ಡ್ 2016ರಲ್ಲಿ ಬಿಬಿಸಿಗೆ ಶುರು ಮಾಡಿದ, ಇವತ್ತಿನ ಆರ್ಥಿಕತೆಯನ್ನು ರೂಪಿಸಿದ ಐವತ್ತು ವಸ್ತುಗಳ ಸರಣಿ ಇದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಮುಳ್ಳುತಂತಿಯದು ಒಂದು. 1876ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋ ಪೇಟೆಯ ಮಧ್ಯೆ ಒಬ್ಬ ವ್ಯಾಪಾರಿ ತಂತಿ ಬೇಲಿ ಹಾಕಿ, ಅದರೊಳಗೆ ಕೊಬ್ಬಿದ ದನ ಬಿಟ್ಟು, 'ಮುರಿಯಲಿ ನೋಡೋಣ' ಅಂತ ಪಂಥ ಕಟ್ಟಿದ ಕಥೆ. ನಮ್ಮ ಬೇಣದ (ಹುಲ್ಲಿನ ಜಾಗದ) ಬೇಲಿಯನ್ನು ಹಂದಿ ವಾರಕ್ಕೊಮ್ಮೆ ನುಗ್ಗಿ ಹಾಳು ಮಾಡುತ್ತದೆ. ಆ ವ್ಯಾಪಾರಿ ಇಲ್ಲಿಗೆ ಬಂದು ಪಂಥ ಕಟ್ಟಬೇಕಿತ್ತು.

ಹಿಡಿಸದಿದ್ದರೆ ಎಷ್ಟು ಹೊತ್ತು ಕೊಡಬೇಕು? ನನ್ನದು ಒಂದು ಬುಟ್ಟಿ. ಬುಟ್ಟಿ ಅಡಿಕೆ ಮುಗಿಯುವುದರೊಳಗೆ ಮಾತು ವಿಷಯಕ್ಕೆ ಬರದಿದ್ದರೆ ಅಳಿಸುತ್ತೇನೆ. ಮೊದಲೆಲ್ಲ ಡೌನ್‌ಲೋಡ್ ಮಾಡಿದ್ದೇವಲ್ಲ ಅಂತ ಸುಮ್ನೆ ಪೂರ್ತಿ ಕೇಳುತ್ತಿದ್ದೆ, ಊಟಕ್ಕೆ ಕೂತ ಮೇಲೆ ಎಲೆ ಬಿಟ್ಟು ಏಳಬಾರದು ಅನ್ನುವ ಹಾಗೆ. ಕೇಳಿ ಇಷ್ಟವಾದದ್ದನ್ನು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತೇನೆ: ಮಾತಾಡಿದವರು ಯಾರು, ನನಗೆ ಹೇಳಿದವರು ಯಾರು, ಅಷ್ಟೇ. ಹೋದ ಸುಗ್ಗಿಯ ಹಾಳೆ ನೋಡಿದರೆ ಎರಡನೆಯ ಸಾಲಿನಲ್ಲಿ 'ಆಪ್' ಅಂತ ಇರುವುದು ತೀರ ಕಡಿಮೆ. ನಾನು ಬಳಸುತ್ತಿದ್ದ ಹಳೆಯ ಆಪ್ ಒಂದು ಮುಚ್ಚಿಹೋದಾಗ ಕೈಯಲ್ಲಿ ಉಳಿದದ್ದೂ ಈ ಕ್ಯಾಲೆಂಡರೇ. ಸಬ್‌ಸ್ಕ್ರಿಪ್ಶನ್ ಪಟ್ಟಿಯನ್ನು ಓಪಿಎಂಎಲ್ ಫೈಲ್ (ಬೇರೆ ಆಪ್ ಕೂಡ ಓದಬಲ್ಲ ಪಟ್ಟಿ) ಆಗಿ ಇಳಿಸಿಟ್ಟುಕೊಳ್ಳಬಹುದು ಅಂತ ಆಮೇಲೆ ತಿಳಿಯಿತು. ನೀವು ಮೊದಲೇ ಮಾಡಿಕೊಳ್ಳಿ.

ಈ ವರ್ಷದ ಹೊಸ ಕೆಲಸ ಇನ್ನೊಂದಿದೆ. ಆ್ಯಂಟೆನಾಪಾಡ್‌ನಲ್ಲಿ ಫೋನಿನೊಳಗಿನ ಒಂದು ಫೋಲ್ಡರನ್ನೂ ಪಾಡ್‌ಕಾಸ್ಟ್ ಹಾಗೆ ಸೇರಿಸಬಹುದು. ಅಪ್ಪಯ್ಯ ಕೂಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳು ಮೆತ್ತಿಯ ಮೇಲೆ ಒಂದು ಪೆಟ್ಟಿಗೆಯಲ್ಲಿವೆ. ಒಂದಷ್ಟಕ್ಕೆ ಬೂಸಲು ಹಿಡಿದಿದೆ. ಟೇಪ್‌ರೆಕಾರ್ಡರಿನ ಬೆಲ್ಟ್ ಹೋಗಿದೆ, ಪೇಟೆಯಲ್ಲಿ ಒಬ್ಬರು ಹಾಕಿಕೊಡುತ್ತೇನೆ ಅಂದಿದ್ದಾರೆ. ಆಯಿ ಆಗಲೇ ಯಾವ ಕ್ಯಾಸೆಟ್ ಮೊದಲು ಅಂತ ಆರಿಸಿ ಬದಿಗಿಟ್ಟಿದ್ದಾಳೆ.