ಕ್ಯಾಮೆರಾ ಕೆಟ್ಟಿಲ್ಲ, ಪಿನ್ನು ನೋಡಿ

"ಆ ಮೂರನೇದು ಮತ್ತೆ ಕಪ್ಪಾಗಿದೆ ಮಾರಾಯ."

ಸಂಜೆ ಏಳಕ್ಕೆ ಅಪ್ಪನ ಫೋನು ಬಂತೆಂದರೆ ವಿಷಯ ಇದೇ. ಮೂರನೇದು ಅಂದರೆ ಕೊಟ್ಟಿಗೆ ಪಕ್ಕದ ಸಿಸಿಟಿವಿ ಕ್ಯಾಮೆರಾ. ನಾನಿರುವುದು ಬೆಂಗಳೂರಿನಲ್ಲಿ, ಅಪ್ಪ-ಅಮ್ಮ ತೀರ್ಥಹಳ್ಳಿ ಕಡೆಯ ಊರಮನೆಯಲ್ಲಿ. ಸುತ್ತ ಅಡಿಕೆ ತೋಟ. ಪಕ್ಕದ ಮನೆ ಅಂದರೂ ಅರ್ಧ ಕಿಲೋಮೀಟರ್ ನಡೀಬೇಕು. ಅಂಗಳದ ತುಂಬ ಅಡಿಕೆ ಹರಡಿರುವ ದಿನಗಳಲ್ಲಿ ಇಬ್ಬರಿಗೂ ರಾತ್ರಿ ನೆಟ್ಟಗೆ ನಿದ್ದೆ ಇರುತ್ತಿರಲಿಲ್ಲ. ಅದಕ್ಕೇ ಮೂರು ವರ್ಷದ ಹಿಂದೆ ನಾಲ್ಕು ಕ್ಯಾಮೆರಾ ಹಾಕಿದೆ. ನಾನು ಎಲೆಕ್ಟ್ರಿಷಿಯನ್ ಅಲ್ಲ, ಲೆಕ್ಕ ಬರೆಯುವ ಕೆಲಸದವನು. ಈ ಮೂರು ವರ್ಷದಲ್ಲಿ ಚಿತ್ರ ಹೋಗಿದ್ದು ಹತ್ತಾರು ಸಲ. ಕ್ಯಾಮೆರಾನೇ ಕೆಟ್ಟಿದ್ದು ಒಂದೇ ಸಲ. ಮಿಕ್ಕಿದ್ದೆಲ್ಲ ಕರೆಂಟು, ಪಿನ್ನು, ವಯರು, ಇರುವೆ, ಜೇಡ. ಹಾಗಾಗಿ ನಾನಿಲ್ಲಿ ಕ್ಯಾಮೆರಾ ಬಗ್ಗೆ ಕಡಿಮೆ, ಉಳಿದ ವಿಷಯ ಜಾಸ್ತಿ ಬರೆಯುತ್ತಿದ್ದೇನೆ.

ವೈಫೈ ಬೇಕೋ, ವಯರ್ ಬೇಕೋ

ಮೊದಲು ನಾನೂ ವೈಫೈ ಕ್ಯಾಮೆರಾನೇ ತಂದಿದ್ದೆ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಚೆನ್ನಾಗಿ ನಡೆದಿತ್ತು. ಊರಲ್ಲಿ ಗೋಡೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಕಲ್ಲಿನದು. ನಡುಮನೆಯ ರೌಟರ್‌ನಿಂದ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸುಸ್ತು. ಅಂಗಳದಲ್ಲಿ ಚಿತ್ರ ನಿಂತು ನಿಂತು ಬರುತ್ತಿತ್ತು. ಅಮ್ಮ ನಡೆಯುತ್ತಿದ್ದವಳು ಇದ್ದಕ್ಕಿದ್ದಂತೆ ತುಳಸಿಕಟ್ಟೆಯ ಆಚೆ ಪ್ರತ್ಯಕ್ಷ!

ಮನೆ ಸಣ್ಣದಿದ್ದರೆ, ಅಪಾರ್ಟ್‌ಮೆಂಟ್ ಆದರೆ ವೈಫೈ ಸಾಕು. ಎರಡು ಮಾತು ನೆನಪಿಡಿ. ಕಡಿಮೆ ಬೆಲೆಯ ವೈಫೈ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರಿಕೊಳ್ಳುತ್ತವೆ. ನಿಮ್ಮ ಫೋನು 5 ಗಿಗಾಹರ್ಟ್ಸ್‌ನಲ್ಲಿದ್ದರೆ "ಕನೆಕ್ಟ್ ಆಗ್ತಿಲ್ಲ" ಅಂತ ಒಂದು ಗಂಟೆ ಒದ್ದಾಡಬೇಕಾಗುತ್ತದೆ. ಸೆಟಪ್ ಮಾಡುವಾಗ ಫೋನನ್ನು 2.4ಕ್ಕೆ ಹಾಕಿಕೊಳ್ಳಿ. ಎರಡನೆಯದು, ಮೆಮೊರಿ ಕಾರ್ಡ್. ಹಳೇ ಫೋನಿನ ಕಾರ್ಡ್ ತೆಗೆದು ಹಾಕಬೇಡಿ. ಹಗಲೂ ರಾತ್ರಿ ಬರೆದು ಅಳಿಸಿ ಅದು ಬೇಗ ಸಾಯುತ್ತದೆ. ಹೈ ಎಂಡ್ಯೂರೆನ್ಸ್ ಅಂತ ಬರೆದಿರುವ ಕಾರ್ಡನ್ನೇ ಕೇಳಿ.

ಊರಿಗೆ ಕೊನೆಗೆ ತಂದಿದ್ದು ವಯರಿನದು. 2 ಮೆಗಾಪಿಕ್ಸೆಲ್‌ನ ನಾಲ್ಕು ಬುಲೆಟ್ (ಉದ್ದ ಕೊಳವೆಯಂಥ) ಕ್ಯಾಮೆರಾ, ನಾಲ್ಕು ಚಾನೆಲ್‌ನ ಡಿವಿಆರ್ (ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ), 1 ಟಿಬಿ ಹಾರ್ಡ್ ಡಿಸ್ಕ್, ಮನೆ ಕರೆಂಟನ್ನು ಕ್ಯಾಮೆರಾಕ್ಕೆ ತಕ್ಕಂತೆ ಇಳಿಸುವ 12 ವೋಲ್ಟ್ 5 ಆಂಪಿಯರ್‌ನ ಎಸ್‌ಎಂಪಿಎಸ್, 3+1 ಕೇಬಲ್ (ಚಿತ್ರದ ವಯರೂ ಕರೆಂಟಿನ ತೆಳು ಎಳೆಗಳೂ ಒಟ್ಟಿಗಿರುವುದು) 90 ಮೀಟರ್‌ನ ಎರಡು ಸುರುಳಿ, ಬಿಎನ್‌ಸಿ ಪಿನ್ನು (ಚಿತ್ರದ ವಯರಿಗೆ), ಡಿಸಿ ಪಿನ್ನು (ಕರೆಂಟಿಗೆ), ಕ್ಯಾಮೆರಾಕ್ಕೊಂದು ಪಿವಿಸಿ ಬಾಕ್ಸ್. ಹಾರ್ಡ್ ಡಿಸ್ಕ್ ಕಂಪ್ಯೂಟರಿನದಲ್ಲ, ಸಿಸಿಟಿವಿಗೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್ ಇರಲಿ. ಈಗ ಹೊಸದಾಗಿ ತಗೊಳ್ಳುವವರು ಇನ್ನೊಂದು ವಿಷಯ ಕೇಳಬೇಕು. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಗಿದೆ. ಎಸ್‌ಟಿಕ್ಯೂಸಿ (ಆ ಪರೀಕ್ಷೆ ಮಾಡುವ ಸರ್ಕಾರಿ ಸಂಸ್ಥೆ) ಪರೀಕ್ಷೆ ಆಗಿದೆಯಾ ಅಂತ ಅಂಗಡಿಯಲ್ಲಿ ಕೇಳಿ. ಹಳೇ ಸ್ಟಾಕ್ ದಾಟಿಸುವವರು ಇದ್ದೇ ಇರುತ್ತಾರೆ.

ಡ್ರಿಲ್ಲು ಕೈಗೆತ್ತಿಕೊಳ್ಳುವ ಮೊದಲು

ಕ್ಯಾಮೆರಾ ಎಲ್ಲಿ ಹಾಕಬೇಕು ಅಂತ ಕೂತಲ್ಲೇ ತೀರ್ಮಾನ ಮಾಡಬೇಡಿ. ಏಣಿ ಹಾಕಿ, ಫೋನಿನ ಕ್ಯಾಮೆರಾ ತೆರೆದು, ಆ ಜಾಗದಲ್ಲಿ ಹಿಡಿದು ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಾನು ಅಂಗಳದ ಕ್ಯಾಮೆರಾವನ್ನು ಪೂರ್ವಕ್ಕೆ ಮುಖ ಮಾಡಿ ಹಾಕಿಬಿಟ್ಟೆ. ಬೆಳಿಗ್ಗೆ ಒಂಬತ್ತರವರೆಗೆ ಬರೀ ಬಿಳಿ. ಮತ್ತೆ ಬಿಚ್ಚಿ ಇನ್ನೊಂದು ಮೂಲೆಗೆ ಹಾಕಬೇಕಾಯ್ತು. ಹಳೇ ತೂತು ಈಗಲೂ ಅಮ್ಮನ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಎತ್ತರ ಒಂಬತ್ತು ಹತ್ತು ಅಡಿ ಸಾಕು. ಇನ್ನೂ ಮೇಲಕ್ಕೆ ಹೋದರೆ ಬಂದವರ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಲೆನ್ಸ್ ಮೇಲೆ 2.8, 3.6, 6 ಎಂಎಂ ಅಂತ ಇರುತ್ತದೆ. ಅಂಕಿ ಸಣ್ಣದಾದಷ್ಟೂ ಅಗಲ ಕಾಣುತ್ತದೆ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಅಂಗಳಕ್ಕೆ 2.8, ದಣಪೆ (ಬೇಲಿಯ ಗೇಟು) ಹತ್ತಿರ ಯಾರು ಬಂದರು ಅಂತ ನೋಡಲು 6 ಹಾಕಿದ್ದೇನೆ.

ಜಗಲಿಗೂ ಒಂದು ಹಾಕುವ ಯೋಚನೆ ಇತ್ತು. "ನಾನು ಕವಳ ಹಾಕೋದನ್ನ ನೀನು ಆಫೀಸಲ್ಲಿ ಕೂತು ನೋಡ್ತೀಯಾ?" ಅಂದಳು ಅಮ್ಮ. ಮುಗೀತು, ಜಗಲಿಗೆ ಕ್ಯಾಮೆರಾ ಇಲ್ಲ. ಅವಳು ಹೇಳಿದ್ದೇ ಸರಿ. ಮನೆಯವರು ಕೂತು ಮಾತಾಡುವ ಜಾಗ ಬಿಡಿ, ಬರುವ ದಾರಿಗಳನ್ನು ಹಿಡಿಯಿರಿ. ಪಕ್ಕದವರ ಬಾಗಿಲು, ಬಚ್ಚಲು ಕಾಣುವಂತಿದ್ದರೆ ಡಿವಿಆರ್‌ನಲ್ಲಿ ಪ್ರೈವೆಸಿ ಮಾಸ್ಕ್ ಅಂತ ಇರುತ್ತದೆ, ಅಷ್ಟು ಭಾಗಕ್ಕೆ ಕಪ್ಪು ಚೌಕ ಎಳೆಯಬಹುದು.

ಇನ್ನು ನಾನು ಮಾಡಿದ ಒಂದೇ ಜಾಣತನ. ಎಲ್ಲವನ್ನೂ ನಡುಮನೆಯ ನೆಲದ ಮೇಲೆ ಹರಡಿ, ತುಂಡು ವಯರಿನಲ್ಲಿ ಜೋಡಿಸಿ, ಟಿವಿಗೆ ಹಾಕಿ ನೋಡಿದೆ. ನಾಲ್ಕೂ ಚಿತ್ರ ಬಂದ ಮೇಲೇ ಏಣಿ ಹತ್ತಿದ್ದು. ಹೀಗೆ ಮಾಡಿದರೆ ಆಮೇಲೆ ಚಿತ್ರ ಬರದಿದ್ದಾಗ ತಪ್ಪು ಎಲ್ಲಿದೆ ಅಂತ ಅರ್ಧ ಗೊತ್ತಾದಂತೆ.

ವಯರ್ ಎಳೆಯುವಾಗ ಕ್ಯಾಮೆರಾ ಕೇಬಲ್ಲನ್ನು ಮನೆಯ ಕರೆಂಟ್ ವಯರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ, ಚಿತ್ರದಲ್ಲಿ ಗೆರೆ ಏಳುತ್ತವೆ. ಕೇಬಲ್ ಬಾಕ್ಸಿಗೆ ಕೆಳಗಿನಿಂದ ಹೋಗಲಿ. ಹೋಗುವ ಮುಂಚೆ ಒಂಚೂರು ಜೋತು ಬಿದ್ದು ಮೇಲೇರಲಿ. ಮಳೆನೀರು ಆ ಜೋತಲ್ಲೇ ತೊಟ್ಟಿಕ್ಕುತ್ತದೆ, ಪಿನ್ನಿಗೆ ಹೋಗುವುದಿಲ್ಲ. ಬಾಕ್ಸಿನ ತೂತನ್ನು ಎಂಸೀಲ್ ಹಾಕಿ ಮುಚ್ಚಿ. ನಾನು ಮುಚ್ಚಿರಲಿಲ್ಲ. ಮಳೆಗಾಲ ಕಳೆದು ತೆರೆದರೆ ಒಳಗೆ ಇರುವೆ ಸಂಸಾರ, ಮೊಟ್ಟೆ ಸಮೇತ. ಎಸ್‌ಎಂಪಿಎಸ್‌ಗೆ 230 ವೋಲ್ಟ್ ಕೊಡುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಡಿವಿಆರ್ ಮುಂದೆ ಅರ್ಧ ಗಂಟೆ

ಮೊದಲು ಪಾಸ್‌ವರ್ಡ್. ಪೆಟ್ಟಿಗೆ ಜೊತೆ ಬಂದದ್ದನ್ನೇ ಇಟ್ಟುಕೊಳ್ಳಬೇಡಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಇಂಥ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದು ಸೈನ್ಯ ಕಟ್ಟಿತ್ತು. ಆ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೂ ಕೆಲವು ಗಂಟೆ ಒದ್ದಾಡಿದ್ದು ಅದರಿಂದ. ಹೊಸ ಪಾಸ್‌ವರ್ಡ್ ಬರೆದಿಡಿ. ನಮ್ಮಲ್ಲಿ ಅದು ದೇವರ ಮನೆಯ ಪಂಚಾಂಗದ ಕೊನೇ ಪುಟದಲ್ಲಿದೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅಮ್ಮ ಮತ್ತೆ ನಕಲು ಮಾಡುತ್ತಾಳೆ.

ಆಮೇಲೆ ಸಮಯ. ಟೈಮ್ ಝೋನ್ ಜಿಎಂಟಿ +5:30. ಎನ್‌ಟಿಪಿ ಆನ್ ಮಾಡಿದರೆ ಇಂಟರ್‌ನೆಟ್‌ನಿಂದ ತಾನೇ ಸರಿ ಮಾಡಿಕೊಳ್ಳುತ್ತದೆ. ನಂತರ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್. ಓವರ್‌ರೈಟ್ ಆನ್, ಅಂದರೆ ಡಿಸ್ಕ್ ತುಂಬಿದಾಗ ಹಳೇದನ್ನು ಅಳಿಸಿ ಹೊಸದು ಬರೆಯುತ್ತದೆ. ವಿಡಿಯೋ ಎನ್‌ಕೋಡಿಂಗ್ ಎಚ್.265, ಕಡಿಮೆ ಜಾಗದಲ್ಲಿ ಹೆಚ್ಚು ಚಿತ್ರ ಹಿಡಿಯುತ್ತದೆ.

ಎಷ್ಟು ದಿನ ಉಳಿಯುತ್ತದೆ ಅನ್ನುವ ಲೆಕ್ಕ ನನ್ನ ಇಷ್ಟದ ಭಾಗ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕಕ್ಕೆ 86 ಜಿಬಿ ಚಿಲ್ಲರೆ. 1 ಟಿಬಿಯಲ್ಲಿ ಹನ್ನೊಂದು ದಿನ. ಬಿಟ್‌ರೇಟ್ 4 ಮಾಡಿದರೆ ಐದೂವರೆ ದಿನಕ್ಕೇ ಹಳೇದು ಅಳಿಸಿಹೋಗುತ್ತದೆ. ಹಾಗಾಗಿ ಏನಾದರೂ ಆಯ್ತು ಅಂದರೆ "ನಾಳೆ ನೋಡಿದರಾಯ್ತು" ಅನ್ನಬೇಡಿ, ಅವತ್ತೇ ಪೆನ್‌ಡ್ರೈವಿಗೆ ಇಳಿಸಿ.

ಡಿವಿಆರ್‌ನಿಂದ ರೌಟರ್‌ಗೆ ಲ್ಯಾನ್ ಕೇಬಲ್ ಹಾಕಿ, ಪರದೆಯ ಕ್ಯೂಆರ್ ಕೋಡನ್ನು ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಫೋನಿಗೆ ಚಿತ್ರ ಬರುತ್ತದೆ. ಅಪ್ಪನ ಫೋನಿಗೆ ನೋಡಲು ಮಾತ್ರ ಅನುಮತಿ ಕೊಟ್ಟಿದ್ದೇನೆ. ಮೊದಲ ವಾರ ಪೂರ್ತಿ ಅನುಮತಿ ಇತ್ತು, ಎಲ್ಲೋ ಒತ್ತಿ ರೆಕಾರ್ಡಿಂಗೇ ನಿಲ್ಲಿಸಿದ್ದರು.

ಹಗಲು ಇದೆ, ರಾತ್ರಿ ಇಲ್ಲ

ಈಗ ಆ ಮೂರನೇದರ ಕಥೆ. ಹಗಲಿಡೀ ಚೆನ್ನಾಗಿರುತ್ತಿತ್ತು. ಕತ್ತಲಾದ ಕೂಡಲೇ ಕಪ್ಪು. ಒಮ್ಮೊಮ್ಮೆ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಅಂಗಡಿಯವರು ಕ್ಯಾಮೆರಾ ಬದಲಿಸಿ ಅಂದರು. ಬದಲಿಸಿದೆ. ಹೊಸದೂ ಸಂಜೆ ಏಳಕ್ಕೆ ಕಪ್ಪು!

ಕೊನೆಗೆ ಮಲ್ಟಿಮೀಟರ್ ಹಿಡಿದು ಏಣಿ ಹತ್ತಿದೆ. ಡಿವಿಆರ್ ಹತ್ತಿರ 12 ವೋಲ್ಟ್ ಇದೆ. ಅರವತ್ತು ಮೀಟರ್ ವಯರ್ ದಾಟಿ ಕ್ಯಾಮೆರಾ ಹತ್ತಿರ ಬರುವಾಗ 10.6. ಲೆನ್ಸಿಗೆ ಟವೆಲ್ ಮುಚ್ಚಿದೆ. ರಾತ್ರಿ ಆಯ್ತು ಅಂದುಕೊಂಡು ಟಿಕ್ ಅಂತ ಒಳಗಿನ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡವು. ಮೀಟರ್ ಸರ್ರನೆ 8.3ಕ್ಕೆ ಇಳಿಯಿತು, ದೀಪ ಆರಿತು. ಟವೆಲ್ ತೆಗೆದರೆ ಮತ್ತೆ 10.6.

ವಿಷಯ ಇಷ್ಟೇ. ರಾತ್ರಿ ದೀಪ ಹೊತ್ತಿದಾಗ ಕ್ಯಾಮೆರಾ ಹೆಚ್ಚು ಕರೆಂಟು ಎಳೆಯುತ್ತದೆ. 3+1 ಕೇಬಲ್ಲಿನ ಕರೆಂಟಿನ ಎಳೆ ಕೂದಲಿನ ಹಾಗೆ ತೆಳ್ಳಗೆ. ಉದ್ದ ಜಾಸ್ತಿಯಾದರೆ ವೋಲ್ಟೇಜ್ ದಾರಿಯಲ್ಲೇ ಕರಗುತ್ತದೆ. ಕೊಟ್ಟಿಗೆಯಲ್ಲೇ ಒಂದು ಪ್ಲಗ್ ಇತ್ತು. ಅಲ್ಲಿಗೇ 12 ವೋಲ್ಟ್ 2 ಆಂಪಿಯರ್‌ನ ಅಡಾಪ್ಟರ್ ಹಾಕಿ ಕ್ಯಾಮೆರಾಕ್ಕೆ ಕೊಟ್ಟೆ. ಚಿತ್ರದ ವಯರ್ ಮಾತ್ರ ಡಿವಿಆರ್‌ಗೆ. ಅಲ್ಲಿಂದ ರಾತ್ರಿಯ ಕಪ್ಪು ನಿಂತಿತು. ಸುಮ್ನೆ ಒಂದು ಕ್ಯಾಮೆರಾ ದಂಡ.

ಆದರೂ ಅಪ್ಪನ ಫೋನು ಪೂರ್ತಿ ನಿಂತಿಲ್ಲ. ಈಗ ಮೂರನೇದು ಕಪ್ಪಾದರೆ ಡಿಸಿ ಪಿನ್ನು ಸಡಿಲ ಆಗಿರುತ್ತದೆ, ಅಥವಾ ಹಾಲು ಕರೆಯಲು ಹೋದ ಅಮ್ಮ ಸ್ವಿಚ್ ಆರಿಸಿರುತ್ತಾಳೆ.

ಕಪ್ಪಾದರೆ ಅಪ್ಪ ಈಗ ಮಾಡುವುದು ಹೀಗೆ. ರಾತ್ರಿಯಾದರೆ ಕ್ಯಾಮೆರಾ ಕಡೆ ನೋಡುತ್ತಾರೆ. ಲೆನ್ಸಿನ ಸುತ್ತ ಮಂದ ಕೆಂಪು ಕಂಡರೆ ಕರೆಂಟು ಇದೆ, ಬಿಎನ್‌ಸಿ ಪಿನ್ನು ಸಡಿಲ. ಕೆಂಪೇ ಇಲ್ಲವಾದರೆ ಕರೆಂಟಿನ ಪಿನ್ನು ನೋಡಬೇಕು. ಅದೂ ಗೊತ್ತಾಗದಿದ್ದರೆ ಡಿವಿಆರ್ ಹಿಂದೆ ಮೂರನೇ ತೂತಿನ ವಯರನ್ನು ಒಂದನೇದಕ್ಕೆ ಹಾಕಿ ನೋಡುತ್ತಾರೆ. ಅಲ್ಲಿ ಚಿತ್ರ ಬಂದರೆ ಡಿವಿಆರ್‌ನ ತೂತು ಹೋಗಿದೆ. ಬರದಿದ್ದರೆ ವಯರು ಅಥವಾ ಕ್ಯಾಮೆರಾ. ಕ್ಯಾಮೆರಾ ಇಳಿಸಿ ತುಂಡು ವಯರಿನಲ್ಲಿ ಡಿವಿಆರ್ ಪಕ್ಕದಲ್ಲೇ ಹಾಕಿದರೆ ಅದೂ ತೀರ್ಮಾನ ಆಗುತ್ತದೆ.

ರಾತ್ರಿ ಚಿತ್ರ ಪೂರ್ತಿ ಬೆಳ್ಳಗೆ, ಮಂಜು ಮಂಜಾಗಿ ಬಂದರೆ ಜೇಡರ ಬಲೆ. ದೀಪದ ಬಿಸಿಗೂ ಹುಳಕ್ಕೂ ಜೇಡ ಅಲ್ಲೇ ಮನೆ ಮಾಡುತ್ತದೆ. ಬೆಳಕು ಬಲೆಗೆ ಬಡಿದು ವಾಪಸ್ ಲೆನ್ಸಿಗೇ ಬರುತ್ತದೆ. ಒಂದೊಂದು ಎಳೆ ಅಲ್ಲಾಡಿದಾಗಲೂ ಯಾರೋ ಬಂದರು ಅಂತ ನನ್ನ ಫೋನು ಟಿಂಗ್ ಅನ್ನುತ್ತಿತ್ತು. ಒಂದು ರಾತ್ರಿ ನಲವತ್ತು ಸಲ. ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಒರೆಸಿದರೆ ಸಾಕು. ಅಂಗಳದ ಬಲ್ಬನ್ನು ಕ್ಯಾಮೆರಾದಿಂದ ದೂರಕ್ಕೆ ಹಾಕಿದ ಮೇಲೆ ಹುಳ ಆ ಕಡೆ ಹೋದವು, ಹಿಂದೆಯೇ ಜೇಡವೂ.

ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ 2000ನೇ ಇಸವಿಗೆ ಹೋಗುತ್ತಿದ್ದರೆ ಡಿವಿಆರ್ ಒಳಗಿನ ಸಿಆರ್2032 ಸೆಲ್ ಮುಗಿದಿರುತ್ತದೆ. ಪೊಲೀಸರಿಗೆ ಕೊಡುವ ಚಿತ್ರದಲ್ಲಿ ಜನವರಿ 1, 2000 ಅಂತ ಇದ್ದರೆ ಏನು ಹೇಳುವುದು? ಫೋನಿನಲ್ಲಿ ಆಫ್‌ಲೈನ್ ಅಂತ ಬಂದರೆ ಗಾಬರಿ ಬೇಡ. ಇಂಟರ್‌ನೆಟ್ ಹೋಗಿರುತ್ತದೆ ಅಷ್ಟೇ, ಮನೆಯಲ್ಲಿ ಕರೆಂಟು ಇದ್ದರೆ ಒಳಗೆ ರೆಕಾರ್ಡ್ ಆಗುತ್ತಲೇ ಇರುತ್ತದೆ. ಡಿವಿಆರ್, ರೌಟರ್, ಎಸ್‌ಎಂಪಿಎಸ್ ಮೂರೂ ಇನ್ವರ್ಟರ್ ಲೈನಿನಲ್ಲಿ ಇರಲಿ. ಎಲ್ಲ ಸೇರಿ 30-40 ವ್ಯಾಟ್, ಒಂದು ಮಾಮೂಲಿ ಫ್ಯಾನಿಗಿಂತ ಕಡಿಮೆ.

ಕೆಟ್ಟ ಆ ಒಂದು ಕ್ಯಾಮೆರಾ ಸಿಡಿಲಿಗೆ ಹೋದದ್ದು. ಏಪ್ರಿಲ್ ಕೊನೆ, ಮಧ್ಯಾಹ್ನ ಮೂರು ಗಂಟೆ. ದಣಪೆಯ ತನಕ ಹೋದ ಉದ್ದ ಕೇಬಲ್ ಸಿಡಿಲಿನ ಏಟನ್ನು ಮನೆಯೊಳಗೇ ತಂದಿತು. ಕ್ಯಾಮೆರಾ ಸುಟ್ಟಿತು, ಡಿವಿಆರ್‌ನ ನಾಲ್ಕನೇ ತೂತೂ ಹೋಯಿತು. ಸ್ವಿಚ್ ಆರಿಸಿತ್ತು, ಆದರೆ ಬಿಎನ್‌ಸಿ ಹಾಗೇ ಇತ್ತು. ಹಾಗಾಗಿ ಮೋಡ ಕವಿದಾಗಲೇ, ಗುಡುಗು ಕೇಳುವ ಮೊದಲೇ ಪ್ಲಗ್ಗೂ ಬಿಎನ್‌ಸಿಗಳೂ ಎರಡನ್ನೂ ಎಳೆದಿಡಿ. ಗುಡುಗು ಕೇಳಲು ಶುರುವಾದ ಮೇಲೆ ಯಾವ ವಯರಿಗೂ ಕೈ ಹಾಕಬೇಡಿ, ಹೋದರೆ ಹೋಗಲಿ.

ಊರಲ್ಲಿ ಡಿವಿಆರ್ ಪಕ್ಕದಲ್ಲಿ ಹಳೇ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇನೆ. ನಾಲ್ಕು ಬಿಎನ್‌ಸಿ, ನಾಲ್ಕು ಡಿಸಿ ಪಿನ್ನು, ಒಂದು ಅಡಾಪ್ಟರ್, ಒಂದು ಸೆಲ್, ಸಣ್ಣ ಸ್ಕ್ರೂಡ್ರೈವರ್, ಇನ್ಸುಲೇಷನ್ ಟೇಪ್, ಎರಡು ಮೀಟರ್ ತುಂಡು ವಯರ್. ನೆಂಟರ ಮಕ್ಕಳು ಬಂದಾಗಲೆಲ್ಲ ಆಸೆಯಿಂದ ತೆಗೆದು ನೋಡುತ್ತಿದ್ದರಂತೆ. ಈಗ ಮುಚ್ಚಳದ ಮೇಲೆ ಅಮ್ಮ ಬಿಳಿ ಕಾಗದ ಅಂಟಿಸಿ ಬರೆದಿದ್ದಾಳೆ: "ಇದು ಬಿಸ್ಕತ್ತಲ್ಲ, ಅಪ್ಪಂದು."