ಸೋಂಕಿನ ಕಾಲದಲ್ಲೇ ನೆರೆ ಬಂದ್ರೆ: ಊರಿನ ಸ್ವಯಂಸೇವಕರು ತಯಾರಾಗೋದು ಹೇಗೆ

2021ರ ಜುಲೈ 22, 23ನೇ ತಾರೀಕು ನಮ್ಮ ಉತ್ತರ ಕನ್ನಡದವರಿಗೆ ಮರೆಯೋಕಾಗಲ್ಲ. ಕೊರೋನಾ ಎರಡನೇ ಅಲೆ ಆಗಷ್ಟೇ ಇಳೀತಿತ್ತು, ನಮ್ಮೂರಲ್ಲಿ ಎಷ್ಟೋ ಜನಕ್ಕೆ ಮೊದಲ್ನೇ ಡೋಸೂ ಸಿಕ್ಕಿರ್ಲಿಲ್ಲ, ಅಂಥ ಹೊತ್ತಲ್ಲಿ ಘಟ್ಟದ ಮೇಲೆ ಹೊಯ್ದ ಮಳೆಗೆ ಗಂಗಾವಳಿ ಉಕ್ಕಿ ಅಂಕೋಲಾ ಕಡೆ ಹಳ್ಳಿಗಳಿಗೆ ನುಗ್ಗಿತು, ಗುಳ್ಳಾಪುರದ ಸೇತುವೆ ಕೊಚ್ಚಿ ಹೋಯ್ತು, ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟ, ಮನೆ, ರಸ್ತೆ ಎಲ್ಲ ಹೋಯ್ತು. ಆವತ್ತು ರಾತ್ರಿ ದೋಣೀಲಿ ಜನರನ್ನ ಶಾಲೆಗೆ ಸಾಗಿಸ್ತಿದ್ದಾಗ ನಮ್ಮ ತಲೇಲಿ ಇದ್ದಿದ್ದು ನೀರು ಒಂದೇ. ಪಾಸಿಟಿವ್ ಬಂದು ಮನೇಲೇ ಇದ್ದವರನ್ನೂ ಪಕ್ಕದ ಮನೆಯವರನ್ನೂ ಒಂದೇ ದೋಣೀಲಿ ಕೂರಿಸಿ ಒಂದೇ ಕೋಣೆಗೆ ತಂದು ಬಿಟ್ವಿ. ಇನ್ನೊಬ್ರು ಅಜ್ಜ, ಸಕ್ಕರೆ ಕಾಯಿಲೆ, ಅವರ ಇನ್ಸುಲಿನ್ ಫ್ರಿಜ್ಜಲ್ಲಿ, ಫ್ರಿಜ್ಜು ನೀರಲ್ಲಿ. ಬೆಳಗ್ಗೆ ಅವರು ಮೆಲ್ಲಗೆ "ತಮಾ, ನಂದು ಇಂಜೆಕ್ಷನ್ನು..." ಅಂದಾಗ್ಲೇ ನಮಗೆ ಗೊತ್ತಾಗಿದ್ದು.

ಇದನ್ನ ಬರೀತಿರೋದು ಬೇರೆ ಊರಿನ ಹುಡುಗ್ರು ಹುಡುಗೀರು ಅಂಥ ರಾತ್ರೀಲಿ ಕಲಿಯೋ ಬದ್ಲು ಮೇ ತಿಂಗಳಲ್ಲೇ ಕಲ್ತಿರ್ಲಿ ಅಂತ. ಸೋಂಕು ಯಾವಾಗ ಬರತ್ತೋ ಹೇಳೋಕಾಗಲ್ಲ, ಮಳೆಗಾಲ ಮಾತ್ರ ಪ್ರತಿ ವರ್ಷ ಬಂದೇ ಬರತ್ತೆ.

ಮೊದ್ಲು ಒಂದು ನೋಟ್‌ಬುಕ್

ಕಿಟ್ಟು, ಟಿ-ಶರ್ಟು, ಬ್ಯಾನರ್ರು ಎಲ್ಲ ಆಮೇಲೆ. ಒಂದು 200 ಪುಟದ ನೋಟ್‌ಬುಕ್ ತಗೊಳ್ಳಿ, ಮನೆಗೊಂದು ಪುಟ. ಊರನ್ನ ಕೇರಿ ಪ್ರಕಾರ ಹಂಚ್ಕೊಳ್ಳಿ, ಇಬ್ಬಿಬ್ರಿಗೆ 20-25 ಮನೆ, ಅದರಲ್ಲಿ ಒಬ್ಬರು ಹೆಣ್ಮಕ್ಕಳು ಇರ್ಲೇಬೇಕು, ಯಾಕಂದ್ರೆ ಬಸುರಿ ಯಾರು, ಬಾಣಂತಿ ಯಾರು, ಯಾರಿಗೆ ಏನು ತೊಂದ್ರೆ ಅನ್ನೋದನ್ನ ಗಂಡು ಹುಡುಗರ ಹತ್ರ ಯಾರೂ ಹೇಳಲ್ಲ. ಮನೇಲಿ ಎಷ್ಟು ಜನ, 60 ದಾಟಿದವರು ಯಾರು, ಎದ್ದು ನಡೆಯೋಕಾಗದವರು ಇದಾರಾ, ಬಿಪಿ, ಶುಗರ್, ಟಿಬಿ, ಡಯಾಲಿಸಿಸ್ ಯಾರಿಗೆ, ಮಾತ್ರೆ ಹೆಸರೇನು, ಹೆರಿಗೆ ತಾರೀಕು ಯಾವತ್ತು (ತಾಯಿ ಕಾರ್ಡಲ್ಲಿ ಇರತ್ತೆ), ಲಸಿಕೆ ಎಷ್ಟು ಡೋಸ್ ಆಗಿದೆ, ಕೊಟ್ಟಿಗೇಲಿ ದನ ಎಷ್ಟು. ದನದ ವಿಷಯ ಯಾಕೆ ಅಂತೀರಾ? ನೀರು ಹೊಸ್ತಿಲಿಗೆ ಬಂದ್ರೂ ದನ ಬಿಟ್ಟು ಬರಲ್ಲ ಅನ್ನೋ ಅಜ್ಜಂದಿರು ಪ್ರತಿ ಕೇರೀಲೂ ಒಬ್ರು ಇರ್ತಾರೆ, ದನ ಎಲ್ಲಿಗೆ ಹೊಡ್ಕೊಂಡು ಹೋಗ್ಬೇಕು ಅಂತ ಮೊದ್ಲೇ ಜಾಗ ನೋಡಿಟ್ರೆ ಅವರೂ ಬರ್ತಾರೆ.

ಈ ನೋಟ್‌ಬುಕ್ಕಲ್ಲಿ ಇರೋದು ಜನರ ಕಾಯಿಲೆ ವಿಷಯ, ಅದನ್ನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಒಂದು ಪ್ರತಿ ಆಶಾ ಕಾರ್ಯಕರ್ತೆ ಹತ್ರ, ಒಂದು ನಿಮ್ಮ ಹತ್ರ, ಅಷ್ಟೇ. ಇನ್ನೊಂದು ಮಾತು, ಆಶಾ ಅಕ್ಕನ್ನ ಬಿಟ್ಟು ಈ ಕೆಲಸ ಶುರು ಮಾಡ್ಲೇಬೇಡಿ. ಊರಿನ ಪ್ರತಿ ಮನೆ ಅಡುಗೆಮನೆವರೆಗೂ ಹೋಗಿ ಬಂದವರು ಅವರು. ಅವರ ಜೊತೆ ಅಂಗನವಾಡಿ ಟೀಚರು, ಪಂಚಾಯ್ತಿ ಪಿಡಿಓ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟ್ರು, ಇಷ್ಟು ಜನಕ್ಕೆ ನಾವು ಇಂಥವರು ಇಷ್ಟು ಜನ ಇದೀವಿ ಅಂತ ಮುಂಚೇನೇ ಹೋಗಿ ಹೇಳಿ ಬನ್ನಿ. ಔಷಧಿ ಕೊಡೋದು, ಟೆಸ್ಟ್ ಮಾಡೋದು ನಮ್ಮ ಕೆಲಸ ಅಲ್ಲ, ಅವರಿಗೆ ಕೈ ಸಾಲದ ಕಡೆ ಕೈ ಕೊಡೋದು ನಮ್ಮ ಕೆಲಸ.

ಮೇ ಮುಗಿಯೋದ್ರೊಳಗೆ ನೋಟ್‌ಬುಕ್ ನೋಡ್ಕೊಂಡು ಕೆಲವು ಮನೆಗೆ ಮತ್ತೆ ಹೋಗ್ಬೇಕು. ಜೂನ್ ಜುಲೈಯಲ್ಲಿ ಹೆರಿಗೆ ಇರೋರಿಗೆ, ದಾರಿ ಕಟ್ ಆಗೋ ಊರಾದ್ರೆ, ಆಸ್ಪತ್ರೆ ಹತ್ರದ ನೆಂಟರ ಮನೇಲಿ ಇರೋ ವ್ಯವಸ್ಥೆ ಮಾಡ್ಕೊಳ್ಳಿ ಅಂತ ಹೇಳ್ಬೇಕು. ದಿನಾ ಮಾತ್ರೆ ತಗೊಳ್ಳೋರು ಎರಡು ವಾರದ್ದು ಹೆಚ್ಚಿಗೆ ಇಟ್ಕೊಂಡು, ಚೀಟಿ ಜೊತೆ, ಆಧಾರ್, ರೇಷನ್ ಕಾರ್ಡ್, ಪಹಣಿ ಜೊತೆ ಒಂದು ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಾಗಿಲ ಹತ್ರ ಮೊಳೆಗೆ ನೇತು ಹಾಕ್ಬೇಕು, ಕಪಾಟಿನೊಳಗೆ ಅಲ್ಲ. ಇನ್ಸುಲಿನ್ ಇರೋ ಮನೇಲಿ ಕರೆಂಟ್ ಹೋದ್ರೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ಡಬ್ಬಿ ಇಡೋದನ್ನ ತೋರಿಸಿ ಕೊಡಿ, ಡಬ್ಬಿಗೆ ನೀರು ತಾಗ್ಬಾರ್ದು. ಆ ಅಜ್ಜನ ಮನೇಲಿ ಈಗ್ಲೂ ಆ ಮಡಕೆ ಇದೆ.

ಜ್ವರ ಇರೋ ಮನೆಗೆ ಹೋಗೋದು

2020ರಲ್ಲಿ ಮನೆ ಬಾಗಿಲಿಗೆ ನೋಟಿಸ್ ಅಂಟಿಸಿದ್ರೆ ಸಾಕು, ಹಾಲು ಹಾಕೋರೂ ಆ ಕಡೆ ಹೋಗ್ತಿರ್ಲಿಲ್ಲ. ಕಾಯಿಲೆಗಿಂತ ಅದೇ ಜನಕ್ಕೆ ಜಾಸ್ತಿ ನೋವು ಕೊಟ್ಟಿದ್ದು, ನನಗಂತೂ ಇದರಲ್ಲಿ ಅನುಮಾನ ಇಲ್ಲ. ಹಾಗಾಗಿ ಸಾಮಾನನ್ನ ಗೇಟಲ್ಲಿ ಇಟ್ಟು ಓಡಿ ಬರ್ಬೇಡಿ, ಅಂಗಳದಲ್ಲಿ ದೂರ ನಿಂತು, ಮಾಸ್ಕ್ ಹಾಕ್ಕೊಂಡು, ಹೆಸರು ಹಿಡಿದು ಕರೆದು ಎರಡು ಮಾತಾಡಿ. ಬೆಳಗ್ಗೆ ಒಂದು ಸಂಜೆ ಒಂದು ಫೋನ್ ಮಾಡಿ. ಊಟ ಮಾಡಿದ್ರಾ, ನಿದ್ದೆ ಬಂತಾ, ಉಸಿರು ಹೇಗಿದೆ. ಫೋನಲ್ಲಿ ಒಂದು ವಾಕ್ಯ ಪೂರ್ತಿ ಹೇಳೋಕಾಗದೆ ನಡುವೆ ಉಸಿರು ಎಳ್ಕೊಳ್ತಿದ್ರೆ ಅದೇ ದೊಡ್ಡ ಸೂಚನೆ, ಕಾಯ್ಬೇಡಿ.

ಪಲ್ಸ್ ಆಕ್ಸಿಮೀಟರ್, ಅಂದ್ರೆ ಬೆರಳಿಗೆ ಹಾಕಿ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡೋ ಸಣ್ಣ ಯಂತ್ರ, ಕೇರಿಗೊಂದು ಇದ್ರೆ ಸಾಕು, ಆದ್ರೆ ನೋಡೋಕೆ ಸರಿಯಾಗಿ ಕಲೀಬೇಕು. ಉಗುರಿಗೆ ಬಣ್ಣ, ಮೆಹಂದಿ ಇದ್ರೆ ತಪ್ಪು ತೋರಿಸತ್ತೆ, ಮಳೇಲಿ ಕೈ ತಣ್ಣಗಾಗಿದ್ರೂ ತಪ್ಪು ತೋರಿಸತ್ತೆ, ಅದಕ್ಕೆ ಅಂಗೈ ಉಜ್ಜಿ ಬಿಸಿ ಮಾಡಿ, ಐದು ನಿಮಿಷ ಸುಮ್ನೆ ಕೂತು, ಆಮೇಲೆ ತೋರುಬೆರಳಿಗೋ ನಡುಬೆರಳಿಗೋ ಹಾಕಿ ಒಂದು ನಿಮಿಷ ಬಿಟ್ಟು ನಿಂತ ನಂಬರ್ ಬರ್ಕೊಳ್ಳಿ. 94ರಿಂದ ಮೇಲೆ ಇದ್ರೆ ಸರಿ. 90ರಿಂದ 93 ಬಂದ್ರೆ ಡಾಕ್ಟ್ರಿಗೆ ಆಗ್ಲೇ ಫೋನು. 90ಕ್ಕಿಂತ ಕೆಳಗೆ ಬಂದ್ರೆ 108. ಕೂತಾಗ 96 ಇದ್ದವರು ಮನೆಯೊಳಗೇ ಆರು ನಿಮಿಷ ನಡೆದಾಗ 3 ಅಂಕಿ ಇಳಿದ್ರೂ ಡಾಕ್ಟ್ರಿಗೆ ಹೇಳ್ಲೇಬೇಕು. ಆದ್ರೆ ಮೊದ್ಲೇ 94ಕ್ಕಿಂತ ಕಡಿಮೆ ಇರೋರನ್ನ, ಏದುಸಿರು ಬಿಡ್ತಿರೋರನ್ನ ನಡೆಸೋಕೆ ಹೋಗ್ಬೇಡಿ. ಒಬ್ಬರಿಂದ ಇನ್ನೊಬ್ಬರಿಗೆ ಹಾಕೋ ಮುಂಚೆ ಸ್ಪಿರಿಟ್ ಹತ್ತೀಲಿ ಒರೆಸಿ.

ಲಸಿಕೆ ಬೇಡ ಅನ್ನೋರ ಹತ್ರ ವಾದ ಮಾಡಿ ಗೆದ್ದಿದ್ದು ನಾನಂತೂ ನೋಡಿಲ್ಲ. ಒಬ್ಬ ಅಜ್ಜಿ ಮೂರು ಸಲ ಬಾಗಿಲು ಹಾಕ್ಕೊಂಡ್ರು. ನಾಲ್ಕನೇ ಸಲ ನಮ್ಮ ಜೊತೆಯವಳು ಲಸಿಕೆ ಮಾತೇ ಎತ್ತದೆ ಜಗಲಿ ಮೇಲೆ ಕೂತು ಅವರ ಜೊತೆ ಹೂ ಕಟ್ಟಿದ್ಲು. ಅರ್ಧ ಗಂಟೆ ಆದ್ಮೇಲೆ ಅಜ್ಜೀನೇ ಹೇಳಿದ್ರು, ಜ್ವರ ಬಂದ್ರೆ ನೀರು ಕಾಯಿಸಿ ಕೊಡೋರು ಯಾರೂ ಇಲ್ಲ ಮಗಾ, ಅದಕ್ಕೆ ಹೆದ್ರಿಕೆ ಅಂತ. ಆವತ್ತು ರಾತ್ರಿ ಅವಳು ಅಲ್ಲೇ ಮಲಗ್ತೀನಿ ಅಂದ್ಮೇಲೆ ಅಜ್ಜಿ ಬಂದ್ರು. ಭಯದ ಹಿಂದೆ ಏನಿದೆ ಅಂತ ಕೇಳ್ಬೇಕು, ಅದಕ್ಕೆ ಟೈಮ್ ಕೊಡ್ಬೇಕು.

ಮಳೆ ಎಚ್ಚರಿಕೆ ಬಂದಾಗ

ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 64.5 ಮಿ.ಮೀ. ದಾಟಿದ್ರೆ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ, 204.4ಕ್ಕಿಂತ ಜಾಸ್ತಿ ಆದ್ರೆ ಅತ್ಯಂತ ಭಾರಿ. ಆದ್ರೆ ನಿಮ್ಮೂರಿನ ಮಳೆ ಮಾತ್ರ ನೋಡಿದ್ರೆ ಸಾಲ್ದು. ಗಂಗಾವಳಿ ಧಾರವಾಡದ ಕಡೆಯಿಂದ ಬೇಡ್ತಿ ಅಂತ ಹೊರಟು ಯಲ್ಲಾಪುರ ದಾಟಿ ನಮ್ಮ ಕಡೆ ಬರೋದು, ಅಲ್ಲಿ ಮಳೆ ಹಿಡಿದ್ರೆ ನಮಗೆ ನೀರು. ಕಾಳಿ ದಂಡೆಯವರು ಕದ್ರಾ ಡ್ಯಾಮಿನ ಗೇಟ್ ಸುದ್ದಿ ಕೇಳ್ತಾನೇ ಇರ್ಬೇಕು. ಮೇಲಿನ ಊರಲ್ಲಿ ಫೋನ್ ಎತ್ತೋ ಒಬ್ಬರ ನಂಬರ್ ಇಟ್ಕೊಳ್ಳಿ, ಜಿಲ್ಲಾ ಕಂಟ್ರೋಲ್ ರೂಮ್ 1077 ಗೋಡೆ ಮೇಲೆ ದಪ್ಪಕ್ಕೆ ಬರೀರಿ. ನೆಟ್‌ವರ್ಕ್ ಹೋಗೇ ಹೋಗತ್ತೆ, ಆಗ ದೇವಸ್ಥಾನದ ಗಂಟೆ, ಮಸೀದಿ ಮೈಕು, ಬೈಕಲ್ಲಿ ಇಬ್ಬರು, ಯಾವುದು ಬಾರಿಸಿದ್ರೆ ಏನು ಅರ್ಥ ಅಂತ ಮೊದ್ಲೇ ಊರಲ್ಲಿ ಹೇಳಿರ್ಬೇಕು. ಗುಡ್ಡದ ಬುಡದಲ್ಲಿ ಇರೋರು ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇಲ್ಲದ ಕಡೆ ಒರತೆ, ಹಳ್ಳದ ನೀರು ಇದ್ದಕ್ಕಿದ್ದಂಗೆ ಕೆಂಪಾಗೋದು ಕಂಡ್ರೆ ಯಾರ ಆರ್ಡರಿಗೂ ಕಾಯೋದು ಬೇಡ, ಹೊರಟು ಬಿಡಿ.

ಕಾಳಜಿ ಕೇಂದ್ರ, ಮುಂಚೆ ಗಂಜಿ ಕೇಂದ್ರ ಅಂತಿದ್ವಲ್ಲ, ಅದು ಸಾಮಾನ್ಯವಾಗಿ ಶಾಲೇನೇ ಆಗಿರತ್ತೆ. ಬಾಗಿಲಲ್ಲೇ ಒಂದು ಟೇಬಲ್ ಹಾಕಿ, ನೋಟ್‌ಬುಕ್ ಅಲ್ಲಿರ್ಲಿ. ಬಂದವರನ್ನ ಕೋಣೆಗೆ ಬಿಡೋ ಮುಂಚೆ ಅಲ್ಲೇ ಜ್ವರ ನೋಡಿ, ಕೆಮ್ಮು ಕೇಳಿ. ಪಾಸಿಟಿವ್ ಇದ್ದವರಿಗೆ ಬೇರೆ ಕಟ್ಟಡ ಆದ್ರೆ ಒಳ್ಳೇದು, ಇಲ್ಲಾಂದ್ರೆ ಕೊನೇ ಕೋಣೆ, ಬೇರೆ ದಾರಿ, ಬೇರೆ ಶೌಚಾಲಯ. ಜ್ವರ ಮಾತ್ರ ಇರೋರು, ಟೆಸ್ಟ್ ಆಗದವರು ಇನ್ನೊಂದು ಕೋಣೆ, ಇಬ್ರನ್ನೂ ಸೇರಿಸ್ಬೇಡಿ. ಒಂದೊಂದು ಮನೆಯವರು ಒಟ್ಟಿಗೆ, ಕೇರಿಯವರು ಹತ್ರ ಹತ್ರ, ಕಿಟಕಿ ಎಲ್ಲ ತೆಗ್ದಿಡಿ. ಮಳೆ ಒಳಗೆ ಬರತ್ತೆ ಅಂತ ಜನ ಕಿಟಕಿ ಮುಚ್ತಾರೆ, ಅದಕ್ಕೆ ತಾಡಪತ್ರೀನ ಹೊರಗಿಂದ ಚಪ್ಪರದ ಥರ ಇಳಿಜಾರಾಗಿ ಕಟ್ಟಿ, ಗಾಳಿ ಬರತ್ತೆ ನೀರು ಬರಲ್ಲ. ಊಟಕ್ಕೆ ಸಾಲು ನಿಲ್ಲಿಸ್ಬೇಡಿ, ಕೋಣೆಗೇ ಬಡಿಸಿ. ಹೆಣ್ಮಕ್ಕಳ ಪ್ಯಾಡು, ಮಕ್ಕಳಿಗೆ ಹಾಲು, ಒಳಉಡುಪು, ಟಾರ್ಚು, ಇವನ್ನ ಯಾರೂ ಬಾಯಿಬಿಟ್ಟು ಕೇಳಲ್ಲ, ನೀವೇ ತಂದಿಡಿ. ಹಳೇ ಬಟ್ಟೆ ಮೂಟೆ ಕಳಿಸ್ತೀವಿ ಅನ್ನೋರಿಗೆ ಕೈಮುಗಿದು ಬೇಡ ಅನ್ನಿ. ಉಟ್ಟು ಬಿಟ್ಟ ಬಟ್ಟೆ ಇಸ್ಕೊಳ್ಳೋದು ಮನೆ ಕಳ್ಕೊಂಡವರಿಗೆ ಎಷ್ಟು ಕಷ್ಟ ಅಂತ ಅವರ ಮುಖ ನೋಡಿದವರಿಗೇ ಗೊತ್ತು. ಫೋಟೊನೂ ಅಷ್ಟೇ, ಊಟದ ತಟ್ಟೆ ಹಿಡಿದವರ ಮುಖ ತೆಗೀಬೇಡಿ.

ನೀರು ಇಳಿದ್ಮೇಲೆ ಬಾವಿ

ನೆರೆ ಹೋದ್ಮೇಲೆ ವಾಂತಿಭೇದಿ ಶುರುವಾಗೋದು ಬಾವಿಯಿಂದ, ನಮ್ಮ ಕಡೆ ಮನೆಮನೆಗೂ ಬಾವಿ. ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚಿ ಬರೋದಕ್ಕೆ ಶುದ್ಧೀಕರಣ ಅಂತ ಹೆಸರು ಕೊಡ್ಬೇಡಿ, ಲೆಕ್ಕ ಹಾಕ್ಬೇಕು. ಬಾವಿ ಅಗಲ ಮೀಟರಲ್ಲಿ ಅಳೀರಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಹಗ್ಗ ಎಷ್ಟು ಒದ್ದೆ ಆಯ್ತೋ ಅದು ನೀರಿನ ಆಳ. ಅಗಲ ಇಂಟು ಅಗಲ ಇಂಟು ಆಳ ಇಂಟು 3.14, ಅದನ್ನ 4ರಿಂದ ಭಾಗಿಸಿ, 1000ದಿಂದ ಗುಣಿಸಿದ್ರೆ ಲೀಟರ್ ಸಿಗತ್ತೆ. 2 ಮೀಟರ್ ಅಗಲ, 4 ಮೀಟರ್ ನೀರು ಇದ್ರೆ 12,560 ಲೀಟರ್. 1000 ಲೀಟರಿಗೆ 2.5 ಗ್ರಾಂ ಒಳ್ಳೆ ಪೌಡರ್ ಅಂದ್ರೆ ಸುಮಾರು 31 ಗ್ರಾಂ, ಕಿರಾಣಿ ಅಂಗಡೀಲಿ ತೂಗಿಸಿ ಪೊಟ್ಟಣ ಕಟ್ಟಿಸಿ. ಏಪ್ರಿಲಲ್ಲಿ ಅಳೆದ ಆಳ ಜುಲೈಗೆ ಬರಲ್ಲ, ಮಳೆಗಾಲದಲ್ಲಿ ನಮ್ಮ ಬಾವಿಗಳು ಕೈಗೆ ಸಿಗೋಷ್ಟು ಮೇಲೆ ಬರ್ತವೆ, ಪ್ರತಿ ಸಲ ಹೊಸದಾಗಿ ಅಳೀಬೇಕು.

ಪ್ಲಾಸ್ಟಿಕ್ ಬಕೆಟ್ಟಲ್ಲಿ ಪೌಡರಿಗೆ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನಂಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ, ಐದು ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರತ್ತೆ. ಮೇಲಿನ ತಿಳಿನೀರನ್ನ ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಿ. ಸುಣ್ಣನ ಬಾವಿಗೆ ಹಾಕ್ಬೇಡಿ. ಕಡಿಮೆ ಅಂದ್ರೆ ಒಂದು ಗಂಟೆ ಯಾರೂ ನೀರು ಸೇದ್ಬಾರ್ದು, ರಾತ್ರಿ ಹಾಕಿದ್ರೆ ಬೆಳಗ್ಗೆವರೆಗೂ ತೊಂದ್ರೆ ಇಲ್ಲ. ಆಮೇಲೆ ಆರೋಗ್ಯ ಸಹಾಯಕರ ಹತ್ರ ಕ್ಲೋರಿನ್ ಟೆಸ್ಟ್ ಮಾಡಿಸಿ, ಲೀಟರಿಗೆ 0.5 ಮಿ.ಗ್ರಾಂ ಉಳಿದಿರ್ಬೇಕು. ಈ ಲೆಕ್ಕ ತಿಳಿಯಾಗಿರೋ ನೀರಿಗೆ. ನೆರೆ ನೀರು ಹೊಕ್ಕು ಕೆಸರಾದ ಬಾವಿಯನ್ನ ಮೊದ್ಲು ಪಂಪ್ ಹಾಕಿ ಖಾಲಿ ಮಾಡಿಸಿ, ಎಷ್ಟು ಪೌಡರ್ ಅಂತ ಆರೋಗ್ಯ ಸಹಾಯಕರನ್ನೇ ಕೇಳಿ, ಅಲ್ಲಿವರೆಗೆ ಆ ನೀರನ್ನ ಕುಡಿಯೋಕೆ ಬಳಸೋದೇ ಬೇಡ. ಬಾಯಿ ಬಿಚ್ಚಿಟ್ಟ ಪೌಡರ್ ಚೀಲ ಮಳೆಗಾಲದ ತೇವಕ್ಕೆ ಬೇಗ ಶಕ್ತಿ ಕಳ್ಕೊಳ್ಳತ್ತೆ, ಮುಚ್ಚಳ ಇರೋ ಡ್ರಮ್ಮಲ್ಲಿ ಇಡಿ, ಆ್ಯಸಿಡ್ ಜೊತೆ ಯಾವತ್ತೂ ಸೇರಿಸ್ಬೇಡಿ, ವಿಷದ ಗಾಳಿ ಬರತ್ತೆ.

ಭೇದಿ ಶುರುವಾದ ಮನೆಗೆ ಓಆರ್‌ಎಸ್ ಪ್ಯಾಕೆಟ್ ಕೊಡಿ. ಸಿಗದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಸಮಮಟ್ಟ ಮಾಡಿ ಹಾಕಿ.

ನಿಮ್ಮ ಹುಡುಗರನ್ನ ನೋಡ್ಕೊಳ್ಳಿ

ಮನೇಲಿ ವಯಸ್ಸಾದವರು, ಸಣ್ಣ ಮಕ್ಕಳು ಇರೋರನ್ನ ಜ್ವರದ ಡ್ಯೂಟಿಗೆ ಹಾಕ್ಬೇಡಿ, ಅವರು ಅಡುಗೆ, ಫೋನು, ಲೆಕ್ಕ ನೋಡ್ಕೊಳ್ಳಲಿ. ಕೆಸರಿಗೆ ಇಳಿಯೋರು ಗಮ್‌ಬೂಟ್ ಹಾಕ್ಕೊಳ್ಳಿ, ಕಾಲಲ್ಲಿ ಗಾಯ ಇದ್ರೆ ಇಳೀಲೇಬೇಡಿ, ಇಲಿ ಜ್ವರ ಅಲ್ಲಿಂದ ಬರೋದು, ಮುಂಜಾಗ್ರತೆ ಮಾತ್ರೆ ಬೇಕಾ ಅಂತ ಡಾಕ್ಟ್ರನ್ನ ಕೇಳಿ. ನೆರೆ ಇಳಿದು ಎರಡು ಮೂರು ವಾರ ಆದ್ಮೇಲೂ ಯಾರಿಗಾದ್ರೂ ಜ್ವರ, ಮೀನಖಂಡದಲ್ಲಿ ಜೋರು ನೋವು, ಕಣ್ಣು ಕೆಂಪಾದ್ರೆ ಕೊರೋನಾ ಟೆಸ್ಟ್ ನೆಗೆಟಿವ್ ಬಂತು ಅಂತ ಸುಮ್ನಾಗ್ಬೇಡಿ, ಕೆಸರಲ್ಲಿ ಕೆಲಸ ಮಾಡಿದ್ರು ಅಂತ ಡಾಕ್ಟ್ರಿಗೆ ಹೇಳಿ. ಹುಡುಗರಲ್ಲಿ ಯಾರಾದ್ರೂ ರಾತ್ರಿ ನಿದ್ದೆ ಬರ್ತಿಲ್ಲ, ಕಣ್ಣು ಮುಚ್ಚಿದ್ರೆ ಅದೇ ಕಾಣತ್ತೆ ಅಂದ್ರೆ ಧೈರ್ಯ ತಗೋ ಅಂತ ಬೆನ್ನು ತಟ್ಟಿ ಕಳಿಸ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಹಚ್ಚಿ ಕೊಡಿ, ಅಲ್ಲಿ ಕನ್ನಡದಲ್ಲೇ ಮಾತಾಡ್ಬಹುದು.

ಮಳೆ ಬಿಟ್ಟು ಅಕ್ಟೋಬರಲ್ಲಿ ಒಂದು ದಿನ ಆಶಾ ಅಕ್ಕನ ಜೊತೆ ಕೂತು ನೋಟ್‌ಬುಕ್ ಮತ್ತೆ ತಿದ್ದಿ. ಹುಟ್ಟಿದ ಮಗು ಹೆಸರು ಸೇರಿಸಿ, ತೀರಿಕೊಂಡವರ ಹೆಸರಿನ ಮುಂದೆ ತಾರೀಕು ಹಾಕಿ, ಮನೆ ಬಿಟ್ಟು ಬೇರೆ ಕಡೆ ಹೋದವರ ಹೊಸ ಫೋನ್ ನಂಬರ್ ಬರೀರಿ.