ತಿಂಗಳುಗಟ್ಟಲೆ ನಿಂತ ಸ್ಕೂಟರ್ ಚಾಲೂ ಮಾಡುವುದು ಹೇಗೆ?

ದೀಪಾವಳಿ ಮುಗಿಸಿ ಹೈದರಾಬಾದ್, ಪುಣೆ, ಬೆಂಗಳೂರಿನ ಮಕ್ಕಳ ಮನೆಗೆ ಹೋದ ಹಿರಿಯರು ಥಂಡಿ ಅಲ್ಲೇ ಕಳೆದು ಕಲಬುರಗಿಗೆ ಮರಳುವುದು ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ. ಬಂದ ಮರುದಿನ ಓಣಿ ಓಣಿಯಲ್ಲೂ ಇದೇ ಪಾಡು. ಸೆಲ್ಫ್ ಒತ್ತಿದರೆ ಕಟ್ ಕಟ್ ಸದ್ದು, ಕಿಕ್ ಹೊಡೆದರೆ ಕಾಲಷ್ಟೇ ನೋವು. ‘ಗಾಡಿ ಚಾಲೂನೇ ಆಗವಲ್ದು ನೋಡ್ರೀ’ ಎಂದು ಓಣಿಯ ಹುಡುಗರನ್ನು ಕರೆದು ತಳ್ಳಿಸುವುದು ಅಲ್ಲಿಂದ ಶುರು.

ನಾಲ್ಕು ತಿಂಗಳು ನಿಂತ ಗಾಡಿ ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಪೆಟ್ರೋಲ್ ಹಳತಾಗಿರುತ್ತದೆ. ಈ ಸಣ್ಣ ತೊಂದರೆ ಸಾವಿರಾರು ರೂಪಾಯಿಯ ಕೆಲಸವಾಗುವುದು ನಾವು ಮಾಡುವ ಅವಸರದಿಂದ. ಅದಕ್ಕೇ ಮೊದಲು ಏನು ಮಾಡಬಾರದು ಎಂಬುದನ್ನೇ ಹೇಳುತ್ತೇನೆ.

ಸ್ಕೂಟರನ್ನು ತಳ್ಳಬೇಡಿ. ಬೈಕಿಗೆ ಗೇರ್ ಹಾಕಿ ತಳ್ಳಿ ಕ್ಲಚ್ ಬಿಟ್ಟರೆ ಚಕ್ರ ಎಂಜಿನ್ನನ್ನು ತಿರುಗಿಸುತ್ತದೆ. ಗೇರ್ ಇಲ್ಲದ ಸ್ಕೂಟರಿನ ಕ್ಲಚ್ ಹಿಡಿಯುವುದು ಎಂಜಿನ್ ಜೋರಾಗಿ ತಿರುಗಿದಾಗ ಮಾತ್ರ. ಎಂಜಿನ್ ನಿಂತಿದ್ದರೆ ಚಕ್ರಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ದೂರದ ಜೇವರ್ಗಿ ಊರಿನವರೆಗೆ ತಳ್ಳಿದರೂ ಅದು ಚಾಲೂ ಆಗದು.

ಗಾಡಿ ವಾಲಿಸುವುದೂ ಬೇಡ. ಇದು ಚೇತಕ್ ಕಾಲದ ರೂಢಿ. ಈಗಿನ ಕೆಲವು ಇಂಜೆಕ್ಷನ್ ಗಾಡಿಗಳಲ್ಲಿ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಗಾಡಿಗಳಲ್ಲಿ, ವಾಲಿದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಗಾಡಿ ಬಿತ್ತೆಂದು ತಿಳಿದು ಅದು ಎಂಜಿನ್ ಬಂದ್ ಮಾಡುತ್ತದೆ. ಕೀ ಒಮ್ಮೆ ಆಫ್ ಮಾಡಿ ಆನ್ ಮಾಡುವ ತನಕ ಏನು ಮಾಡಿದರೂ ಚಾಲೂ ಆಗುವುದಿಲ್ಲ. ಇನ್ನು ಏರ್ ಫಿಲ್ಟರಿಗೋ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ತೂತಿಗೋ ಪೆಟ್ರೋಲ್ ಸುರಿದು ಕಿಕ್ ಹೊಡೆಯುವುದು ಬೆಂಕಿಯ ಜತೆ ಆಟ. ಯಾವ ಮಿಸ್ತ್ರಿ ಹೇಳಿದರೂ ಒಪ್ಪಬೇಡಿ.

ಮೊದಲು ಕಣ್ಣಿಂದ ನೋಡಿ

ಕವರ್ ತೆಗೆದ ಕೂಡಲೇ ಕೀ ಹಾಕುವುದು ಬೇಡ. ಸೈಲೆನ್ಸರ್ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಕಣಜದ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು. ಹೊಗೆ ಹೊರಬರಲು ದಾರಿಯಿಲ್ಲದಿದ್ದರೆ ಎಂಜಿನ್ ಎಷ್ಟು ಸರಿಯಿದ್ದರೂ ಹತ್ತಿಕೊಳ್ಳದು. ಆಮೇಲೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಥಂಡಿಯ ದಿನಗಳು ನಮ್ಮಲ್ಲಿ ತೊಗರಿ ರಾಶಿಯ ದಿನಗಳು. ಮನೆಗೆ ಚೀಲ ಬಂದರೆ ಹಿಂದೆಯೇ ಇಲಿಯೂ ಬರುತ್ತದೆ, ಬೆಚ್ಚಗಿನ ಆ ಡಬ್ಬಿಯಲ್ಲಿ ಚಿಂದಿ, ಹೊಟ್ಟು ತುಂಬಿಕೊಂಡು ಗೂಡು ಮಾಡುತ್ತದೆ. ಹಾಗಾಗಿದ್ದರೆ ಸುತ್ತಲಿನ ವೈರುಗಳನ್ನೂ ಬೆರಳಾಡಿಸಿ ನೋಡಿ, ಕಡಿದ ಗುರುತು ಸಿಗಬಹುದು. ಎಣ್ಣೆ ಸವರಿದ ಕಾಗದದ ಫಿಲ್ಟರ್ ಇದ್ದರೆ ಅದನ್ನು ತೊಳೆಯಲೂಬಾರದು, ಗಾಳಿ ಹೊಡೆಯಲೂಬಾರದು. ಧೂಳು ಹಿಡಿದಿದ್ದರೆ ಬದಲಿಸುವುದೇ ಸರಿ.

ಸ್ವಿಚ್ಚುಗಳು

ಎಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್, ಸೈಡ್ ಸ್ಟ್ಯಾಂಡ್, ಬ್ರೇಕ್ ಹಿಡಿಕೆ ಮೂರನ್ನೂ ನೋಡಿ. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತದಿದ್ದರೆ ಬ್ರೇಕ್ ಸ್ವಿಚ್ ಹೋಗಿರಬಹುದು, ಆಗ ಸೆಲ್ಫ್ ಕೆಲಸ ಮಾಡದು. ಇನ್ನೊಂದು ಬ್ರೇಕ್ ಹಿಡಿದು ಒತ್ತಿ ನೋಡಿ.

ಬ್ಯಾಟರಿ

ಕೀ ಆನ್ ಮಾಡಿ ಹಾರ್ನ್ ಒತ್ತಿ. ದನಿ ಕ್ಷೀಣವಾಗಿದ್ದರೆ ಮುಂದೆ ಸೆಲ್ಫ್ ಮುಟ್ಟಬೇಡಿ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್‌ಗಿಂತ ಮೇಲೆ ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆ ಎಂದೇ ಅರ್ಥ.

ಬಿಚ್ಚುವಾಗ ಕೀ ಆಫ್ ಇರಲಿ, ಮೊದಲು ಮೈನಸ್ ತಂತಿ ತೆಗೆಯಿರಿ, ಆಮೇಲೆ ಪ್ಲಸ್. ಕೂಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮ ತಪ್ಪಿದರೆ ಪಾನಾ ಗಾಡಿಯ ಕಬ್ಬಿಣಕ್ಕೆ ತಾಗಿ ಕಿಡಿ ಹಾರುತ್ತದೆ. ತುದಿಯಲ್ಲಿ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ವ್ಯಾಸಲೀನ್ ಸವರಿ.

ಚಾರ್ಜಿಂಗ್ ವಿಷಯದಲ್ಲಿ ನಾನು ಖಡಾಖಂಡಿತ. ಸ್ಕೂಟರಿನ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ಆಂಪಿಯರ್ ಅವರ್‌ನ ಚಿಕ್ಕ ಬ್ಯಾಟರಿ. ಅದರ ಹತ್ತನೇ ಒಂದು ಪಾಲಿನಷ್ಟು ಕರೆಂಟ್ ಕೊಟ್ಟು ನಿಧಾನವಾಗಿ ತುಂಬಿಸಬೇಕು. 4 ಆಂಪಿಯರ್ ಅವರ್ ಇದ್ದರೆ 0.4 ಆಂಪಿಯರ್, ಹತ್ತು ತಾಸಿನ ಮೇಲೆ. ಬ್ಯಾಟರಿ ಅಂಗಡಿಗಳಲ್ಲಿ ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟರಿಗಳ ಸಾಲಿನಲ್ಲೇ ಇದನ್ನೂ ಕೂಡಿಸುತ್ತಾರೆ. ದೊಡ್ಡದರಲ್ಲಿ ಹರಿಯುವ ಕರೆಂಟೇ ಇದರಲ್ಲೂ ಹರಿದು ಎರಡು ತಾಸಿನಲ್ಲಿ ಬ್ಯಾಟರಿ ಉಬ್ಬುತ್ತದೆ. ಅಲ್ಲಿ ಬಿಡುವುದಾದರೆ ಬೇರೆಯಾಗಿ, ಕಡಿಮೆ ಕರೆಂಟಿಗೆ ಹಚ್ಚಲು ಹೇಳಿ, ಹಚ್ಚಿದ್ದನ್ನು ನಿಂತು ನೋಡಿ. ಸೀಲ್ ಆದ ಬ್ಯಾಟರಿಯ ಮುಚ್ಚಳ ಕಿತ್ತು ನೀರು ಹಾಕುವವರ ಕೈಗೆ ಕೊಡಲೇಬೇಡಿ. ತುಂಬಿದ ಬ್ಯಾಟರಿ ಒಂದು ರಾತ್ರಿ ಸುಮ್ಮನೆ ಇಟ್ಟರೂ 12.4ಕ್ಕಿಂತ ಕೆಳಗಿಳಿದರೆ ಹೊಸದು ತರುವುದೇ ಲೇಸು. ನಮ್ಮ ಬೇಸಿಗೆಯ ಸೆಕೆಗೆ ಬ್ಯಾಟರಿ ಆಯುಷ್ಯ ಹೇಗೂ ಕಡಿಮೆ.

ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೋರೇಟರ್ ಇರುವ ಹಲವು ಹಳೆಯ ಗಾಡಿಗಳು ಬ್ಯಾಟರಿ ಸತ್ತಿದ್ದರೂ ಕಿಕ್ಕಿಗೆ ಚಾಲೂ ಆಗುತ್ತವೆ. ಇಂಜೆಕ್ಷನ್ ಗಾಡಿಗೆ ಪೆಟ್ರೋಲ್ ಪಂಪು, ಒಳಗಿನ ಕಂಪ್ಯೂಟರ್ ನಡೆಯಲು ಬ್ಯಾಟರಿಯಲ್ಲಿ ಸ್ವಲ್ಪವಾದರೂ ಜೀವ ಬೇಕು. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್ 6 ನಿಯಮ ಬಂದ ಮೇಲಿನ ಗಾಡಿ ನಿಮ್ಮದಾಗಿದ್ದರೆ ಅದು ಇಂಜೆಕ್ಷನ್ ಗಾಡಿಯೇ ಎಂದು ತಿಳಿಯಿರಿ.

ಪ್ಲಗ್ ಹೇಳುವ ಸುದ್ದಿ

ಬ್ಯಾಟರಿ ಸರಿಯಿದ್ದೂ ಎಂಜಿನ್ ಹತ್ತದಿದ್ದರೆ ಪ್ಲಗ್ ಬಿಚ್ಚಿ. ಅದರ ಪಾನಾ ಗಾಡಿಯ ಜತೆ ಕೊಟ್ಟ ಚೀಲದಲ್ಲೇ ಇರುತ್ತದೆ. ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಹೆಚ್ಚೇ ಬಂದಿದೆ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಒದ್ದೆ ಇದ್ದರೆ ಒರೆಸಿ ಒಣಗಿಸಿ ಮತ್ತೆ ಹಾಕಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಿರಿ.

ಕಿಡಿ ನೋಡಬೇಕೆಂದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಚೂಡಿಯ (ತಿರುಪಿನ ಗೆರೆಗಳ) ಭಾಗ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಟ್ಟು, ನೆರಳಿನಲ್ಲಿ ಕಿಕ್ ಮಾಡಿ. ನೀಲಿ ಕಿಡಿ ಕಾಣಬೇಕು. ಪ್ಲಗ್ ಬಿಚ್ಚಿದ ತೂತಿನ ಬಳಿ ಈ ಪರೀಕ್ಷೆ ಬೇಡ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತಿರುತ್ತದೆ. ಮರಳಿ ಹಾಕುವಾಗ ಮೊದಲು ಬೆರಳಿನಿಂದಲೇ ತಿರುಗಿಸಿ. ಎಂಜಿನ್ ತಲೆ ಅಲ್ಯೂಮಿನಿಯಮ್, ಓರೆಯಾಗಿ ಹೊಕ್ಕ ಪ್ಲಗ್ಗಿಗೆ ಪಾನಾ ಹಚ್ಚಿದರೆ ಚೂಡಿ ಹಾಳಾಗುತ್ತದೆ. ಕೊನೆಗೆ ಹೊಸ ಪ್ಲಗ್ಗಿಗೆ ಅರ್ಧ ಸುತ್ತು ಬಿಗಿ ಸಾಕು, ಹಳೆಯದಕ್ಕೆ ಅದಕ್ಕೂ ಕಡಿಮೆ. ಹೊಸದು ಕೊಳ್ಳುವಾಗ ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ. ನಕಲಿ ಪ್ಲಗ್ಗುಗಳ ಡಬ್ಬಿ ಮಾತ್ರ ಅಸಲಿಯಂತಿರುತ್ತದೆ.

ಪೆಟ್ರೋಲ್: ಎಲ್ಲರೂ ಎಡವುವ ಜಾಗ

ಪ್ಲಗ್ ಒಣಗಿದ್ದರೆ ಜನ ಟ್ಯಾಂಕಿನಲ್ಲಿ ಇಣುಕಿ, ‘ಪೆಟ್ರೋಲ್ ಐತಲ್ರೀ’ ಎಂದು ಮುಚ್ಚಿಬಿಡುತ್ತಾರೆ. ಇದ್ದರೆ ಸಾಲದು, ಅದು ಉರಿಯಬೇಕು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಿಂದ ಬೇಗ ಆವಿಯಾಗುವ ಅಂಶ ಹಾರಿಹೋಗುತ್ತದೆ, ಥಂಡಿ ಎಂಜಿನ್ ಹತ್ತಲು ಬೇಕಾದದ್ದು ಅದೇ ಅಂಶ. ಉಳಿದದ್ದು ಅಂಟಾಗುತ್ತದೆ. ಜತೆಗೆ ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಇ20. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಪೆಟ್ರೋಲ್ ಹೋಗುವುದೂ ಆ ತಳದಿಂದಲೇ.

ಕಾರ್ಬೋರೇಟರ್ ಗಾಡಿಯಾದರೆ ಹೀಗೆ ಮಾಡಿ. ಬಯಲಿನಲ್ಲಿ, ಒಲೆ, ಬೀಡಿ, ದೇವರ ದೀಪ ಯಾವುದೂ ಹತ್ತಿರವಿಲ್ಲದ ಕಡೆ ನಿಲ್ಲಿಸಿ. ಸೀಟಿನ ಕೆಳಗಿನ ಡಿಕ್ಕಿಯ ಬೋಲ್ಟ್ ಬಿಚ್ಚಿ ಎತ್ತಿದರೆ ಕಾರ್ಬೋರೇಟರ್ ಕಾಣುತ್ತದೆ. ಅದರ ತಳದ ಬಟ್ಟಲಿನ ಅಡಿಯಲ್ಲಿ ಒಂದು ಚಿಕ್ಕ ಸ್ಕ್ರೂ, ಅಲ್ಲಿಂದ ಇಳಿದ ಒಂದು ಸಣ್ಣ ಪೈಪು ಇರುತ್ತದೆ. ಪೈಪಿನ ಬಾಯಿಗೆ ಪಾರದರ್ಶಕ ಬಾಟಲಿ ಹಿಡಿದು ಸ್ಕ್ರೂ ಒಂದೆರಡು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಅದು ಎಂಜಿನ್ ಸಂದಿಗೆ ಬಿದ್ದು ಅರ್ಧ ದಿನ ಹುಡುಕಿಸುತ್ತದೆ. ಸ್ಕ್ರೂ ಬಿಗಿಯಾಗಿದ್ದರೆ ಅಳತೆಗೆ ಸರಿಹೊಂದುವ ಸ್ಕ್ರೂಡ್ರೈವರನ್ನೇ ಬಳಸಿ. ಸಣ್ಣದು ಹಾಕಿ ತಿರುಚಿದರೆ ಅದರ ಸೀಳು ಸವೆಯುತ್ತದೆ, ಆಮೇಲೆ ಇಡೀ ಕಾರ್ಬೋರೇಟರ್ ಇಳಿಸಬೇಕಾಗುತ್ತದೆ.

ಬಾಟಲಿಗೆ ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿ. ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಹುಳಿಹುಳಿ ವಾರ್ನಿಷ್ ವಾಸನೆ ಬಂದರೆ ಹಳತಾಗಿದೆ. ಒಂದು ನಿಮಿಷ ಅಲುಗಿಸದೆ ಇಟ್ಟರೆ ತಳದಲ್ಲಿ ಬೇರೆಯೇ ಪದರ ನಿಂತರೆ ನೀರು ಸೇರಿದೆ. ಹಾಗಿದ್ದರೆ ಟ್ಯಾಂಕನ್ನೂ ಖಾಲಿ ಮಾಡಿಸಬೇಕು. ಬಣ್ಣ ಮಾತ್ರ ಕೆಟ್ಟಿದ್ದು ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಪೆಟ್ರೋಲ್ ತುಂಬಿಸಿದರೆ ಸಾಮಾನ್ಯವಾಗಿ ಸಾಕು.

ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಂದು ತಪ್ಪು ಆಗುತ್ತದೆ. ಎರಡು ಕಿಕ್ ಹೊಡೆದು ‘ಇದೂ ಆಗಲಿಲ್ಲ’ ಎಂದು ಕೈಬಿಡುತ್ತಾರೆ. ಹಲವು ಸ್ಕೂಟರುಗಳಲ್ಲಿ ಪೆಟ್ರೋಲಿನ ಕಾಕ್ ಎಂಜಿನ್ ತಿರುಗುವಾಗಿನ ಸೆಳೆತಕ್ಕೆ ಮಾತ್ರ ತೆರೆಯುತ್ತದೆ. ಖಾಲಿ ಮಾಡಿದ ಬಟ್ಟಲು ತುಂಬಲು ಹೊತ್ತು ಹಿಡಿಯುತ್ತದೆ. ಚೋಕ್ ಇದ್ದರೆ ಎಳೆದು, ಎಕ್ಸಲೇಟರ್ ಮುಟ್ಟದೆ, ಸಾವಧಾನವಾಗಿ ಕಿಕ್ ಹೊಡೆಯುತ್ತಾ ಹೋಗಿ. ಹತ್ತಿಪ್ಪತ್ತು ಕಿಕ್ ಬೇಕಾಗಬಹುದು. ಹತ್ತಿಕೊಂಡ ಎಂಜಿನ್ ಚೋಕ್ ಒಳಗೆ ಹಾಕಿದ ಕೂಡಲೇ ಬಂದ್ ಬೀಳುತ್ತಿದ್ದರೆ ನಿಧಾನಗತಿಯ ಜೆಟ್, ಅಂದರೆ ಕಾರ್ಬೋರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂಟಿನಿಂದ ಮುಚ್ಚಿದೆ. ಅದನ್ನು ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ, ಗಾಳಿಯಿಂದ ತೆರೆಯಬೇಕು. ತಂತಿ ಚುಚ್ಚಿ ಬಿಡಿಸುವ ಮಿಸ್ತ್ರಿಯನ್ನು ತಡೆಯಿರಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೈಲೇಜ್ ಮತ್ತೆ ಮೊದಲಿನಂತಾಗದು. ಮೈಲೇಜ್ ಹೆಚ್ಚಿಸುತ್ತೇವೆಂದು ಮಾರುವ ಗುಳಿಗೆ, ಸೀಸೆಗಳೂ ಈ ಅಂಟನ್ನು ಕರಗಿಸುವುದಿಲ್ಲ, ದುಡ್ಡು ಉಳಿಸಿಕೊಳ್ಳಿ.

ಇಂಜೆಕ್ಷನ್ ಗಾಡಿಯಲ್ಲಿ ಕೀ ಆನ್ ಮಾಡಿ ಕಿವಿಗೊಡಿ. ಸೀಟಿನ ಕೆಳಗೋ ಟ್ಯಾಂಕಿನ ಬಳಿಯೋ ಪಂಪು ಎರಡು ಸೆಕೆಂಡ್ ಗುಂಯ್ ಎನ್ನಬೇಕು. ಸದ್ದೇ ಇಲ್ಲದಿದ್ದರೆ ಬ್ಯಾಟರಿ ಪಕ್ಕದ ಫ್ಯೂಸ್ ನೋಡಿ. ಸದ್ದು ನಿಂತ ಮೇಲೆ ಎಕ್ಸಲೇಟರ್ ಮುಟ್ಟದೆ ಸೆಲ್ಫ್ ಒತ್ತಿ. 5 ಸೆಕೆಂಡ್‌ಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಬಿಟ್ಟು 10 ಸೆಕೆಂಡ್ ಕಾದು ಮತ್ತೆ ಒತ್ತಿ. ಎಂಜಿನ್ ಚಿತ್ರದ ಹಳದಿ ದೀಪ ಮಿಟುಕುತ್ತಲೇ ಇದ್ದರೆ ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರಿಗೇ ಹೋಗಿ. ಅದಿಲ್ಲದ ಅಂಗಡಿಯಲ್ಲಿ ಒಂದೊಂದೇ ಸಾಮಾನು ಬದಲಿಸುತ್ತಾ ನಿಮ್ಮ ದುಡ್ಡಿನಲ್ಲಿ ಪರೀಕ್ಷೆ ನಡೆಸುತ್ತಾರೆ.

ಚಾಲೂ ಆದ ಮೇಲೆ

ಟಯರಿಗೆ ಗಾಳಿ, ಎಂಜಿನ್ ಆಯಿಲ್, ಬ್ರೇಕ್ ನೋಡಿಕೊಂಡು ರಿಂಗ್ ರೋಡಿನಲ್ಲಿ ಅರ್ಧ ತಾಸು ಓಡಿಸಿ. ನಿಂತಲ್ಲೇ ಚಾಲೂ ಬಿಟ್ಟರೆ ಬ್ಯಾಟರಿ ತುಂಬದು.

ಮುಂದಿನ ಸಲ ಊರು ಬಿಡುವಾಗ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಕಾರ್ಬೋರೇಟರ್ ಬಟ್ಟಲು ಖಾಲಿ ಮಾಡಿ, ತಣ್ಣಗಾದ ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ನಡು ಸ್ಟ್ಯಾಂಡ್ ಹಾಕಿ ಹೋಗಿ. ಪಕ್ಕದ ಮನೆಯವರ ಕೈಗೆ ಕೀಲಿ ಕೊಟ್ಟು ‘ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡ್ರಿ’ ಎನ್ನುವುದು ಎಲ್ಲರ ಅಭ್ಯಾಸ. ಅಷ್ಟರಲ್ಲಿ ಬ್ಯಾಟರಿಯಿಂದ ಹೋದದ್ದು ಮರಳಿ ತುಂಬುವುದಿಲ್ಲ, ಸೈಲೆನ್ಸರಿನಲ್ಲಿ ನೀರಿನ ಪಸೆ ಉಳಿದು ತುಕ್ಕು ಹಿಡಿಯುತ್ತದೆ. ಅವರು ಹದಿನೈದು ದಿನಕ್ಕೊಮ್ಮೆ ಅರ್ಧ ತಾಸು ಓಡಿಸುವುದಾದರೆ ಕೀಲಿ ಕೊಡಿ, ಇಲ್ಲವಾದರೆ ಗಾಡಿ ಕವರಿನ ಕೆಳಗೆ ಸುಮ್ಮನೆ ನಿಂತಿರಲಿ.